ಹಿತ್ತಲಿನ ಕಟ್ಟಡಕ್ಕೆ ನೆಲದಡಿಯ ನೆಟ್‌ವರ್ಕ್ ಕೇಬಲ್

ಮಲೆನಾಡಿನ ತೋಟದ ಮನೆಗಳಲ್ಲಿ ಮುಖ್ಯ ಮನೆಗೆ ತಾಗದ ಕಟ್ಟಡ ಒಂದಾದರೂ ಇರುತ್ತದೆ. ಕೊಟ್ಟಿಗೆ, ಅಡಿಕೆ ಸುಲಿಯುವ ಶೆಡ್ಡು, ಪಂಪ್‌ಹೌಸ್, ಆಳುಗಳಿಗೆಂದು ಕಟ್ಟಿಸಿದ ಹಳೆಯ ಔಟ್‌ಹೌಸ್ ಹೀಗೆ. 2020ರ ನಂತರ ಬೆಂಗಳೂರಿನ ಕೆಲಸವನ್ನು ಊರಿನಿಂದಲೇ ಮಾಡತೊಡಗಿದ ಹಲವರು ಇಂಥ ಕಟ್ಟಡಗಳನ್ನೇ ಆಫೀಸು ಮಾಡಿಕೊಂಡರು. ಕೆಲವರು ಹೋಮ್‌ಸ್ಟೇ ನಡೆಸುತ್ತಿದ್ದಾರೆ, ಕೆಲವರಿಗೆ ಅಡಿಕೆ ಒಣಗುವ ಅಂಗಳಕ್ಕೊಂದು ಕ್ಯಾಮೆರಾ ಬೇಕು. ದಪ್ಪ ಮಣ್ಣಿನ ಗೋಡೆ ದಾಟಿ ಮನೆಯ ವೈಫೈ ಅಲ್ಲಿಯವರೆಗೆ ಬರುವುದಿಲ್ಲ. ಆಗ ನೆಲದಡಿಯ ಕೇಬಲ್ ನೆನಪಾಗುತ್ತದೆ.

ಚರಂಡಿ ತೋಡಿ ಕೇಬಲ್ ಎಳೆಯುವುದು ದೊಡ್ಡ ವಿದ್ಯೆಯಲ್ಲ. ಆದರೆ ಮಣ್ಣು ಮುಚ್ಚಿದ ಮೇಲೆ ತಪ್ಪು ಕಂಡರೆ ಎಲ್ಲವನ್ನೂ ಮತ್ತೆ ಅಗೆಯಬೇಕು. ಆದ್ದರಿಂದ ಯಾವ ಕೇಬಲ್ ಎಂಬುದು ಗುದ್ದಲಿ ಹಿಡಿಯುವ ಮೊದಲೇ ತೀರ್ಮಾನವಾಗಬೇಕು. ಸಿಡಿಲು ಬಡಿಯುವ ಊರಿನಲ್ಲಿ ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಬೇಡ, ಫೈಬರ್ ಹಾಕಬೇಕು ಎಂಬುದು ಈ ಲೇಖನದ ಖಚಿತ ಅಭಿಪ್ರಾಯ.

## ಸಿಡಿಲು ಮತ್ತು ಎರಡು ಅರ್ಥಿಂಗ್

ನಮ್ಮಲ್ಲಿ ಗುಡುಗು ಸಿಡಿಲಿನ ಆರ್ಭಟ ಹೆಚ್ಚಾಗಿ ಮುಂಗಾರಿಗೆ ಮೊದಲು, ಮಾರ್ಚ್‌ನಿಂದ ಮೇವರೆಗೆ. ಮತ್ತೆ ಮಳೆಗಾಲ ಮುಗಿಯುವ ಅಕ್ಟೋಬರ್ ಸುಮಾರಿಗೆ. ಜುಲೈಯ ಜಡಿಮಳೆಯಲ್ಲಿ ಸಿಡಿಲು ಕಡಿಮೆ. ಕೇಬಲ್ಲಿಗೆ ಜುಲೈ ತರುವ ಅಪಾಯ ನೀರಿನದು, ಏಪ್ರಿಲ್ ತರುವ ಅಪಾಯ ಸಿಡಿಲಿನದು.

ಮನೆಗೊಂದು ಅರ್ಥಿಂಗ್ ಗುಂಡಿ, ಔಟ್‌ಹೌಸಿಗೆ ಇನ್ನೊಂದು. ಸಾಮಾನ್ಯ ದಿನಗಳಲ್ಲಿ ಎರಡರ ನಡುವೆ ಹೇಳಿಕೊಳ್ಳುವಂಥ ವೋಲ್ಟೇಜ್ ವ್ಯತ್ಯಾಸ ಇರುವುದಿಲ್ಲ. ಔಟ್‌ಹೌಸಿನ ಪಕ್ಕದ ತೆಂಗಿನ ಮರಕ್ಕೆ ಸಿಡಿಲು ಹೊಡೆಯಿತು ಎನ್ನಿ. ಆ ಕರೆಂಟು ಬುಡದಿಂದ ಮಣ್ಣಿನೊಳಗೆ ಹರಡುತ್ತದೆ. ಜಂಬಿಟ್ಟಿಗೆಯ ಒಣನೆಲ ವಿದ್ಯುತ್ತನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹಾಗಾಗಿ ಅಲ್ಲಿನ ನೆಲದ ವೋಲ್ಟೇಜೇ ಕ್ಷಣಮಾತ್ರದಲ್ಲಿ ಸಾವಿರಾರು ವೋಲ್ಟ್ ಮೇಲಕ್ಕೇರುತ್ತದೆ. ಮನೆಯ ಕಡೆಯ ನೆಲ ಅಷ್ಟು ಏರಿರುವುದಿಲ್ಲ. ಈ ಎರಡು ನೆಲಗಳನ್ನು ಜೋಡಿಸುವ ತಾಮ್ರದ ಎಳೆ ಇದ್ದರೆ ಕರೆಂಟು ಅದನ್ನೇ ಹಿಡಿದು ಹರಿಯುತ್ತದೆ. ರೌಟರ್ ಮತ್ತು ಸ್ವಿಚ್ಚುಗಳ ಲ್ಯಾನ್ ಪೋರ್ಟಿನೊಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳಿರುತ್ತವೆ. ಅವು ತಡೆಯಬೇಕಾದದ್ದು 1500 ವೋಲ್ಟ್ ಎಸಿ ಮಾತ್ರ. ಅದನ್ನು ಮೀರಿದರೆ ಪೋರ್ಟ್ ಸುಟ್ಟು, ಹಿಂದೆಯೇ ಬೋರ್ಡು ಸುಡುತ್ತದೆ. ಸಿಡಿಲು ಮನೆಗೇ ಹೊಡೆಯಬೇಕೆಂದಿಲ್ಲ.

ಮೋಡ ಕವಿದರೆ ರೌಟರಿನ ಪ್ಲಗ್ ಕೀಳುವ ಅಭ್ಯಾಸ ಮನೆಮನೆಯಲ್ಲೂ ಇದೆ. ಅದು ಒಳ್ಳೆಯದೇ. ಆದರೆ ಲ್ಯಾನ್ ವೈರನ್ನು ಹಾಗೇ ಬಿಟ್ಟರೆ ದಾರಿ ತೆರೆದೇ ಇರುತ್ತದೆ. ಕೀಳುವುದಿದ್ದರೆ ಗುಡುಗು ದೂರದಲ್ಲಿರುವಾಗಲೇ ಎರಡನ್ನೂ ಕೀಳಬೇಕು. ಸಿಡಿಲು ತಲೆಯ ಮೇಲೆ ಬಂದ ನಂತರ ವೈರು ಮುಟ್ಟಲೇಬಾರದು.

## ಫೈಬರ್ ಏಕೆ, ಯಾವುದು

ಫೈಬರಿನಲ್ಲಿ ಹೋಗುವುದು ಬೆಳಕು. ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲವಾದ್ದರಿಂದ ಎರಡು ಕಟ್ಟಡಗಳ ನಡುವೆ ಕರೆಂಟಿಗೆ ದಾರಿಯೇ ಉಳಿಯುವುದಿಲ್ಲ. ದೂರದ ಚಿಂತೆಯೂ ಇಲ್ಲ. ಈಥರ್ನೆಟ್‌ನ ತಾಮ್ರದ ಕೇಬಲ್ಲಿಗೆ 100 ಮೀಟರ್ ಮಿತಿಯಿದೆ. ಸಿಂಗಲ್ ಮೋಡ್ ಫೈಬರಿಗೆ ತೋಟದ ಆ ತುದಿಯೂ ಹತ್ತಿರವೇ. 1310 ನ್ಯಾನೊಮೀಟರ್ ಬೆಳಕು ಒಂದು ಕಿಲೋಮೀಟರ್ ಸಾಗಿದರೂ ಕಳೆದುಕೊಳ್ಳುವುದು ಸುಮಾರು 0.35 ಡೆಸಿಬೆಲ್. ಗಾಜಿನ ಎಳೆಯಲ್ಲಿ ದೂರಕ್ಕೆ ಸಂದೇಶ ಕಳಿಸಬಹುದೆಂದು 1966ರಲ್ಲಿ ತೋರಿಸಿಕೊಟ್ಟ ಚಾರ್ಲ್ಸ್ ಕಾವ್ ಅವರಿಗೆ 2009ರಲ್ಲಿ ನೊಬೆಲ್ ಬಂತು. ಅದೇ ಎಳೆ ಇಂದು ಹಳ್ಳಿಯ ಕೇಬಲ್ ಆಪರೇಟರನ ಜೀಪಿನಲ್ಲಿ ಸುರುಳಿ ಸುರುಳಿಯಾಗಿ ಬಿದ್ದಿರುತ್ತದೆ.

ಕೊಳ್ಳುವಾಗ ಒಂದು ಎಚ್ಚರ. ಮನೆಗಳಿಗೆ ಕಂಬದಿಂದ ಎಳೆಯುವ ಚಪ್ಪಟೆ ಡ್ರಾಪ್ ಕೇಬಲ್ಲಿನಲ್ಲಿ ಗಾಜಿನ ಎಳೆಯ ಪಕ್ಕಕ್ಕೆ ಉಕ್ಕಿನ ತಂತಿಗಳು ಇರುವುದುಂಟು. ಅದನ್ನು ಹಾಕಿದರೆ ತಾಮ್ರವನ್ನು ಬಿಟ್ಟು ಉಕ್ಕನ್ನು ತಂದಂತಾಯಿತು. ಲೋಹವೇ ಇಲ್ಲದ, ಗಟ್ಟಿತನಕ್ಕೆ ಎಫ್‌ಆರ್‌ಪಿ (ನಾರು ಬೆರೆಸಿದ ಪ್ಲಾಸ್ಟಿಕ್) ಕಡ್ಡಿ ಇರುವ ಕೇಬಲ್ ಕೇಳಿ ಪಡೆಯಬೇಕು. ಇಲಿ ಹೆಗ್ಗಣಗಳ ಭಯಕ್ಕೆ ಉಕ್ಕಿನ ಕವಚದ ಆರ್ಮರ್ಡ್ ಕೇಬಲ್ ಹಾಕುವವರಿದ್ದಾರೆ. ಗಟ್ಟಿ ಪೈಪಿನೊಳಗೆ ಎಳೆದು, ಪೈಪಿನ ಎರಡೂ ಬಾಯಿ ಬಿಗಿಯಾಗಿ ಮುಚ್ಚುವುದಾದರೆ ಅದರ ಅಗತ್ಯವಿಲ್ಲ. ಎರಡು ಎಳೆ ಸಾಕಾದರೂ ನಾಲ್ಕು ಎಳೆಯದ್ದನ್ನು ಹಾಕಿದರೆ ಒಂದು ಕೆಟ್ಟಾಗ ಇನ್ನೊಂದು ಒದಗುತ್ತದೆ.

ತುದಿ ಕೂಡಿಸುವುದಕ್ಕೆ ಸ್ಪ್ಲೈಸಿಂಗ್ ಯಂತ್ರ ಬೇಕು. ಮನೆಗಳಿಗೆ ಫೈಬರ್ ಇಂಟರ್ನೆಟ್ (ಎಫ್‌ಟಿಟಿಎಚ್) ಸಂಪರ್ಕ ಕೊಡುವ ಸ್ಥಳೀಯ ಹುಡುಗರ ಬಳಿ ಅದು ಇರುತ್ತದೆ. ಎರಡು ತುದಿ ಕೂಡಿಸಲು ಬಹಳ ಹೊತ್ತೇನೂ ಹಿಡಿಯದು. ಪ್ರತಿ ತುದಿಗೊಂದು ಮೀಡಿಯಾ ಕನ್ವರ್ಟರ್ ಬೇಕು: ಬೆಳಕನ್ನು ಮತ್ತೆ ಈಥರ್ನೆಟ್ ಮಾಡುವ ಅಂಗೈಯಗಲದ ಪೆಟ್ಟಿಗೆ. ಒಂದೇ ಎಳೆಯಲ್ಲಿ ನಡೆಯುವ ಕನ್ವರ್ಟರುಗಳು ಜೋಡಿಯಾಗಿ ಬರುತ್ತವೆ. ಒಂದು 1310ರಲ್ಲಿ ಕಳಿಸಿ 1550ರಲ್ಲಿ ಪಡೆದರೆ, ಇನ್ನೊಂದು ಅದರ ತಿರುವುಮುರುವು. ಒಂದೇ ಬಗೆಯ ಎರಡನ್ನು ತಂದು ಕೂಡಿಸಿದರೆ ಲಿಂಕ್ ಬರುವುದಿಲ್ಲ. ಹಸಿರು ಮತ್ತು ನೀಲಿ ಕನೆಕ್ಟರುಗಳನ್ನೂ ಬೆರೆಸಬಾರದು: ಹಸಿರಿನ ಮುಖ ಓರೆಯಾಗಿ ಉಜ್ಜಿದ್ದು, ನೀಲಿಯದು ನೇರ. ಬೆಳಕು ಹಾಯುತ್ತಿರುವ ಫೈಬರಿನ ತುದಿಗೆ ಕಣ್ಣಿಟ್ಟು ನೋಡಕೂಡದು. ಆ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ, ಆದರೂ ಕಣ್ಣಿಗೆ ಕೇಡು.

ಫೈಬರಿನ ಕೊರತೆ ಒಂದೇ, ಅದು ಕರೆಂಟು ಒಯ್ಯದು. ಔಟ್‌ಹೌಸಿನಲ್ಲಿ ಪ್ಲಗ್ ಪಾಯಿಂಟ್ ಇರಲೇಬೇಕು. ಆ ವಿದ್ಯುತ್ ಲೈನಿನ ಮೂಲಕ ಬರುವ ಸಿಡಿಲಿನ ಹೊಡೆತವನ್ನು ಫೈಬರ್ ತಡೆಯುವುದಿಲ್ಲವಾದ್ದರಿಂದ ಅಲ್ಲಿನ ಅರ್ಥಿಂಗ್ ಸರಿಯಾಗಿರಬೇಕು, ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಇರಬೇಕು.

## ತಾಮ್ರವೇ ಬೇಕಾದರೆ

ಗೇಟಿನ ಕ್ಯಾಮೆರಾದಂಥ ಕಡೆ ಕರೆಂಟ್ ಪಾಯಿಂಟ್ ಇರುವುದಿಲ್ಲ. ಅಲ್ಲಿಗೆ ಲ್ಯಾನ್ ಕೇಬಲ್ಲಿನಲ್ಲೇ ವಿದ್ಯುತ್ ಕಳಿಸುವ ಪಿಒಇ ವ್ಯವಸ್ಥೆ ಅನಿವಾರ್ಯ. 2003ರ ಮಾನದಂಡದಲ್ಲಿ ಇದು 15.4 ವ್ಯಾಟ್ ಇತ್ತು, 2009ರದ್ದರಲ್ಲಿ 30 ವ್ಯಾಟ್ ಆಯಿತು. ಕ್ಯಾಮೆರಾಕ್ಕೆ ಅಷ್ಟು ಸಾಕು.

ಮನೆಯೊಳಗಿನ ಬೂದುಬಣ್ಣದ ಕೇಬಲ್ಲನ್ನು ಮಣ್ಣಿಗೆ ಹಾಕಬಾರದು. ಅದರ ಪಿವಿಸಿ ಹೊದಿಕೆ ವರ್ಷಗಟ್ಟಲೆ ತೇವ ತಡೆಯದು. ನೀರು ಒಳಗಿಳಿದು ತಾಮ್ರ ಹಸಿರುಗಟ್ಟುತ್ತದೆ. ಇದರ ಮೊದಲ ಸೂಚನೆ ಸ್ವಿಚ್ಚಿನಲ್ಲೇ ಕಾಣುತ್ತದೆ: 1000 ತೋರಿಸುತ್ತಿದ್ದ ಲಿಂಕ್ 100ಕ್ಕೆ ಇಳಿಯುತ್ತದೆ. ಗಿಗಾಬಿಟ್ ವೇಗಕ್ಕೆ ನಾಲ್ಕೂ ಜೋಡಿ ತಂತಿ ಬೇಕು, 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು. ಒಂದು ಜೋಡಿ ಸೋತಾಗಲೂ ಇಂಟರ್ನೆಟ್ ಬರುತ್ತಿರುವುದರಿಂದ ಯಾರೂ ಗಮನಿಸುವುದಿಲ್ಲ. ನೆಲಕ್ಕೆ ಬೇಕಾದದ್ದು ಕಪ್ಪು ಪಾಲಿಥಿನ್ ಹೊದಿಕೆಯ, ಒಳಗೆ ಜೆಲ್ಲಿ ತುಂಬಿದ ಹೊರಾಂಗಣ ಕೇಬಲ್. ಹಳೆಯ ಲ್ಯಾಂಡ್‌ಲೈನ್ ಟೆಲಿಫೋನ್ ಕೇಬಲ್ಲಿನಲ್ಲೂ ಇಂಥ ಜೆಲ್ಲಿಯೇ ಇರುತ್ತಿತ್ತು.

ಅಗ್ಗದ ಕೇಬಲ್ಲುಗಳಲ್ಲಿ ಅಲ್ಯುಮಿನಿಯಂ ತಂತಿಗೆ ತಾಮ್ರ ಲೇಪಿಸಿರುತ್ತಾರೆ, ಡಬ್ಬದ ಮೇಲೆ ಸಿಸಿಎ ಎಂದಿರುತ್ತದೆ. ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ. ಪಿಒಇ ವಿದ್ಯುತ್ ಅದರಲ್ಲಿ ದಾರಿಯಲ್ಲೇ ಹೆಚ್ಚು ಸೋರಿ ಕೇಬಲ್ ಬಿಸಿಯಾಗುತ್ತದೆ. ಅದನ್ನು ಮುಟ್ಟದಿರುವುದೇ ಮೇಲು. ಕೇಬಲ್ಲಿನ ಎರಡೂ ತುದಿಗೆ ಲ್ಯಾನ್ ಸರ್ಜ್ ಪ್ರೊಟೆಕ್ಟರ್ ಹಾಕಿ ಗಿಡ್ಡ ತಂತಿಯಲ್ಲಿ ಅರ್ಥಿಂಗಿಗೆ ಕೊಡಬೇಕು. ಅರ್ಥಿಂಗ್ ಇಲ್ಲದೆ ಅದು ಬರೀ ಡಬ್ಬಿ.

## ಚರಂಡಿ ಮತ್ತು ಪೈಪು

ದೀಪಾವಳಿ ಕಳೆದ ಮೇಲಿನ ದಿನಗಳು ಅಗೆತಕ್ಕೆ ಅನುಕೂಲ. ಮಳೆ ನಿಂತಿರುತ್ತದೆ, ಮಣ್ಣಿನಲ್ಲಿ ಹಸಿ ಇನ್ನೂ ಉಳಿದಿರುತ್ತದೆ. ಬಿಎಸ್‌ಎನ್‌ಎಲ್ ತನ್ನ ಫೈಬರನ್ನು ರಸ್ತೆಬದಿಯಲ್ಲಿ 1.65 ಮೀಟರ್ ಆಳಕ್ಕೆ ಹಾಕುವ ಪದ್ಧತಿಯಿದೆ. ಹಿತ್ತಲಿಗೆ ಅಷ್ಟು ಬೇಡ, ಎರಡು ಅಡಿ ಸಾಕು. ಜೀಪು, ಟ್ರ್ಯಾಕ್ಟರ್ ಓಡಾಡುವ ಕಡೆ ಇನ್ನೊಂದು ಅಡಿ ಇಳಿಸಬೇಕು.

ತೋಟಕ್ಕೆ ನೀರು ಹಾಯಿಸುವ ಕಪ್ಪು ಎಚ್‌ಡಿಪಿಇ ಪೈಪು ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ, ಒಂದು ಅಥವಾ ಒಂದೂಕಾಲು ಇಂಚಿನದ್ದು. ಸುರುಳಿಯಲ್ಲಿ ಬರುವುದರಿಂದ ನಡುವೆ ಜೋಡಣೆ ಬೇಕಿಲ್ಲ. ತಿರುವಿನಲ್ಲಿ ಎಲ್ಬೋ ಹಾಕಬಾರದು, ಪೈಪನ್ನೇ ದೊಡ್ಡದಾಗಿ ಬಳಸಿ ತರಬೇಕು. ಎಲ್ಬೋದಲ್ಲಿ ಕೇಬಲ್ ಸಿಕ್ಕಿಕೊಳ್ಳುತ್ತದೆ, ಫೈಬರಾದರೆ ಮುರಿಯುತ್ತದೆ. ಕೇಬಲ್ಲಿನ ಜೊತೆಗೇ ಒಂದು ನೈಲಾನ್ ಹಗ್ಗವನ್ನೂ ಎಳೆದು ಒಳಗೇ ಬಿಟ್ಟರೆ ಮುಂದೆ ಇನ್ನೊಂದು ಕೇಬಲ್ ಬೇಕಾದಾಗ ಅಗೆಯುವ ಕೆಲಸವಿಲ್ಲ. ಪೈಪಿನೊಳಗೆ ನೀರು ಬರುವುದಿಲ್ಲ ಎಂದು ನಂಬಬಾರದು. ಮಲೆನಾಡಿನ ಮಳೆಗಾಲದಲ್ಲಿ ಹೊರಗಿನಿಂದ ಬರದಿದ್ದರೂ ಒಳಗಿನ ಗಾಳಿಯ ತೇವವೇ ನೀರಾಗುತ್ತದೆ. ಪೈಪಿನಲ್ಲಿ ಹಾಕಿದರೂ ಕೇಬಲ್ ಹೊರಾಂಗಣದ್ದೇ ಆಗಿರಬೇಕು.

ಚರಂಡಿಯ ತಳಕ್ಕೆ ಮರಳು ಅಥವಾ ಜರಡಿ ಹಿಡಿದ ಮಣ್ಣು ಹಾಕಿದರೆ ಜಂಬಿಟ್ಟಿಗೆಯ ಚೂರು ಪೈಪನ್ನು ಒತ್ತುವುದಿಲ್ಲ. ಪಂಪಿನ ವಿದ್ಯುತ್ ಕೇಬಲ್ಲಿನಿಂದ ಒಂದು ಅಡಿಯಾದರೂ ದೂರವಿರಲಿ. ದಾಟಬೇಕಾದಲ್ಲಿ ಅಡ್ಡವಾಗಿ ನೇರ ದಾಟಬೇಕು. ಅರ್ಧ ಮಣ್ಣು ಮುಚ್ಚಿದ ಮೇಲೆ ಬಣ್ಣದ ಎಚ್ಚರಿಕೆ ಪಟ್ಟಿ ಹಾಸಿದರೆ ಮುಂದೆ ಗುದ್ದಲಿಗೆ ಮೊದಲು ಅದು ಸಿಗುತ್ತದೆ.

## ಮುಚ್ಚುವ ಮುನ್ನ

ಪರೀಕ್ಷೆ ಮಾಡದೆ ಮಣ್ಣು ಎಳೆಯಬಾರದು. ತಾಮ್ರದ ಕೇಬಲ್ಲಿಗೆ ಎಂಟು ದೀಪದ ಟೆಸ್ಟರು ತಂತಿಗಳು ಕೂಡಿವೆಯೇ ಎಂದಷ್ಟೇ ಹೇಳುತ್ತದೆ, ವೇಗವನ್ನು ಹೇಳದು. ಎರಡೂ ತುದಿಗೆ ಗಿಗಾಬಿಟ್ ಸಾಧನ ಕೂಡಿಸಿ, ದೊಡ್ಡ ಫೈಲೊಂದನ್ನು ಕಳಿಸಿ ನೋಡಬೇಕು. ಫೈಬರಿಗೆ ಕೆಂಪು ಬೆಳಕಿನ ಪೆನ್ನು ಹಾಯಿಸಿದರೆ ಮುರಿದ ಜಾಗದಲ್ಲಿ ಕೆಂಪು ಚೆಲ್ಲುತ್ತದೆ. ಸ್ಪ್ಲೈಸಿಂಗಿಗೆ ಬಂದವರ ಬಳಿ ಪವರ್ ಮೀಟರ್ ಇದ್ದರೆ ಅಳತೆ ಬರೆದಿಟ್ಟುಕೊಳ್ಳಿ.

ಇಷ್ಟೆಲ್ಲ ಜೋಪಾನ ಮಾಡಿದ ಕೇಬಲ್ಲುಗಳನ್ನು ಕಡೆಗೆ ತುಂಡು ಮಾಡುವುದು ಹೆಚ್ಚಾಗಿ ಜೆಸಿಬಿ. ಚರಂಡಿ ತೆರೆದಿರುವಾಗಲೇ ಫೋಟೊ ತೆಗೆಯಿರಿ. ಬಾವಿಕಟ್ಟೆಯಿಂದ ಎಷ್ಟು ಅಡಿ, ಗೋಡೆಯ ಮೂಲೆಯಿಂದ ಎಷ್ಟು ಅಡಿ ಎಂದು ಅಳೆದು ಒಂದು ನಕ್ಷೆ ಬರೆಯಿರಿ. ಅದರ ಒಂದು ಪ್ರತಿ ಮೀಟರ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿ, ಇನ್ನೊಂದನ್ನು ಮನೆಯ ಪಹಣಿ ಪತ್ರಗಳ ಜೊತೆ ಇಡಿ.