ಕುಣಿತ ನೋಡಾಕ ಹೊಂಟ ಮನಿ: ಚಕ್ಕಡಿಯಿಂದ ಚಿಗರಿ ಬಸ್ಸಿನ ತನಕ

ನಮ್ಮ ಕಡಿ ಮಂದಿ ಊರು ಬಿಟ್ಟು ಹೊರಗ ಯಾತಕ್ಕ ಹೋಗತಾರ ಅಂತ ಕೇಳಿದ್ರ ಮೂರು ಉತ್ತರ ಬರತಾವ: ಸಂತಿ, ದವಾಖಾನಿ, ಲಗ್ನ. ನಾಕನೇದ್ದು ಇನ್ನೊಂದೈತಿ, ಅದನ್ನ ಯಾರೂ ಲೆಕ್ಕಕ್ಕ ಹಿಡಿಯೂದಿಲ್ಲ. ಅದು ಕುಣಿತ ನೋಡಾಕ ಹೋಗೂದು. ದೇವರಿಗಿ ಹೊಂಟೀವಿ ಅಂತ ಹೇಳಿ ಹೊಂಟವರು ಹಾದಿ ತುಂಬ ಮಾತಾಡೂದು ಯಾವ ಊರಿನ ಡೊಳ್ಳು ಬರತಾವ, ಯಾವ ಮೇಳ ಈ ಸಲ ಜೋರೈತಿ ಅನ್ನೂದನ್ನ. ಈಗ ಮಕ್ಕಳ ಡಾನ್ಸ್ ಸ್ಪರ್ಧಾ ಅಂತ ಮನಿಮಂದಿಯೆಲ್ಲ ದೂರದ ಪ್ಯಾಟಿಗಿ ಹೊಂಟರ ಹಿರೇರು "ಇದೇನು ಹೊಸಾ ಶೋಕಿ" ಅಂತಾರ. ಹೊಸಾದೇನಲ್ಲ. ಮೇಡ್ಲೇರಿಯಂಥಾ ಊರಿಗಿ ಇದು ಭಾಳ ಹಳೇ ರೂಢಿ. ಅದರ ಕತಿ ಸ್ವಲ್ಪ ಹಿಂದಿನಿಂದ ಹೇಳತೀನಿ.

ಮೊದಲ ನಕಾಶಿ ನೋಡೂಣು. ನಮ್ಮೂರು ರಾಣೆಬೆನ್ನೂರ ತಾಲೂಕಿನಾಗ ತುಂಗಭದ್ರಾ ಸೀಮಿಯ ಊರು. ಇವತ್ತು ಹೊಳಿ ಈಚಿ ಹಾವೇರಿ ಜಿಲ್ಲಾ, ಆಚಿ ಒಂದು ಕಡಿ ದಾವಣಗೆರೆ, ಇನ್ನೊಂದು ಕಡಿ ವಿಜಯನಗರ ಜಿಲ್ಲಾ. ಆದ್ರ ಬ್ರಿಟಿಷರ ಕಾಲಕ್ಕ ಇದು ಮೂರು ಸರಕಾರ ಕೂಡೂ ಜಾಗ ಇತ್ತು. ರಾಣೆಬೆನ್ನೂರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಹೊಳಿ ದಾಟಿದ್ರ ಹರಿಹರ, ಅದು ಮೈಸೂರು ಮಹಾರಾಜರ ಸಂಸ್ಥಾನ. ಹೊಳಿಗುಂಟ ಕೆಳಗ ಹೋಗಿ ದಾಟಿದ್ರ ಹೂವಿನಹಡಗಲಿ ತಾಲೂಕು, ಅದು ಮದ್ರಾಸ ಪ್ರಾಂತದ ಬಳ್ಳಾರಿ ಜಿಲ್ಲಾ. ಮಾತು ಒಂದೇ, ರೊಟ್ಟಿ ಒಂದೇ, ದೇವರು ಒಂದೇ, ಆದ್ರ ಪೊಲೀಸ, ಕೋರ್ಟು, ಕಂದಾಯ ಎಲ್ಲಾ ಬ್ಯಾರೆ ಬ್ಯಾರೆ.

ಮೈಲಾರಲಿಂಗನ ಮೈಲಾರ ಇರೂದು ಆ ಹಡಗಲಿ ತಾಲೂಕಿನಾಗ. ಭಾರತ ಹುಣ್ಣಿಮಿ ಜಾತ್ರಿಯೊಳಗ ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲು ಏರಿ ಕಾರಣಿಕ ನುಡಿಯೂದನ್ನ ಕೇಳಾಕ ಲಕ್ಷಗಟ್ಟಲೆ ಮಂದಿ ಕೂಡತಾರ. ಬಿಲ್ಲಿನ ಮ್ಯಾಲೆ ನಿಂತು ಒಂದು ಕೂಗು ಹಾಕಿದ ಕೂಡಲೆ ಅಷ್ಟೂ ಮಂದಿ ಉಸಿರು ಹಿಡಿದು ಸುಮ್ಮನಾಗತಾರ. ಅವ ಒಂದೇ ಮಾತು ನುಡಿದು ಕೆಳಗ ಬೀಳತಾನ, ಕೆಳಗಿದ್ದವರು ಹಿಡೀತಾರ. ಆ ಒಂದು ಮಾತಿನ ಮ್ಯಾಲೆ ಮಳಿ ಹೆಂಗ, ಬೆಳಿ ಹೆಂಗ, ರಾಜಕೀಯ ಹೆಂಗ ಅಂತ ವರ್ಷಪೂರ್ತಿ ಅರ್ಥ ಹಚ್ಚತಾರ. ಕಾರಣಿಕದ ಹಿಂದ ಮುಂದ ಗೊರವರ ಕುಣಿತ ನಡದ ಇರತೈತಿ. ಕರೇ ಕಂಬಳಿ, ತಲಿಮ್ಯಾಲೆ ಕರಡಿ ಕೂದಲದ ಕುಲಾವಿ, ಕೈಯಾಗ ಡಮರು, ಬಾಯಾಗ ಪಿಳ್ಳಂಗೋವಿ, ಹಣಿಗಿ ಬಂಡಾರ. ನಮ್ಮ ತಾಲೂಕಿನೊಳಗ ದೇವರಗುಡ್ಡದ ಮಾಲತೇಶನ ಸನ್ನಿಧಿಯಲ್ಲೂ ದಸರೆಯ ವ್ಯಾಳ್ಯಾಕ್ಕ ಹಿಂಗ ಕಾರಣಿಕ ಆಗತೈತಿ. ಅದು ಸಮೀಪ. ಮೈಲಾರ ಅಂದ್ರ ಪ್ರವಾಸ.

ಆ ಪ್ರವಾಸದ ತಯಾರಿ ನಮ್ಮ ಅಮ್ಮನ ಬಾಯಿಂದ ಕೇಳಿದ್ದು. (ನಮ್ಮ ಮನಿಯಾಗ ಅಪ್ಪನ ಅವ್ವಗ ಅಮ್ಮ ಅಂತೀವಿ.) ಜಾತ್ರಿ ಇನ್ನೂ ತಿಂಗಳಿದ್ದಾಗನ ಎತ್ತಿಗಿ ನಾಲ ಬಡಿಸೂದು, ಚಕ್ಕಡಿ ಗಾಲಿಗಿ ಕೀಲೆಣ್ಣಿ, ಮ್ಯಾಲೆ ತಟ್ಟಿ ಕಮಾನು. ಹೆಣ್ಣಮಕ್ಕಳ ಕೆಲಸ ಅಂದ್ರ ಜ್ವಾಳದ ಕಟಕ ರೊಟ್ಟಿ ಬಡದು ಒಣಗಿಸಿ ಬಿಳೇ ಅರಿವ್ಯಾಗ ಕಟ್ಟೂದು. ಹದಾ ಹಚ್ಚಿ ಬೇಯಿಸಿದ ರೊಟ್ಟಿ ಹದಿನೈದು ದಿನ ಇಟ್ಟರೂ ಕೆಡೂದಿಲ್ಲ. ಜೋಡಿಗಿ ಗುರೆಳ್ಳ ಚಟ್ನಿ, ಶೇಂಗಾ ಚಟ್ನಿ, ಕೆಂಪಖಾರ. ಹೊಳಿ ದಂಡಿಗಿ ಹೋದ ಮ್ಯಾಲೆ ನೀರು ನೋಡಿ ಎತ್ತು ಇಳಿಸೂದೋ, ಹರಗೋಲು ಹತ್ತೂದೋ ಅಂತ ತೀರ್ಮಾನ. ಮಾಘ ಮಾಸದಾಗ ಹೊಳಿ ಇಳದಿರತಿತ್ತು, ಅಷ್ಟು ಪುಣ್ಯ. ಹಿಂಗ ಒಂದು ಕಂಬಳಿ ಕುಣಿತ ನೋಡಾಕ ನಮ್ಮ ಹಿರೇರು ಮುಂಬಯಿ ಪ್ರಾಂತದಿಂದ ಮದ್ರಾಸ ಪ್ರಾಂತಕ್ಕ ಹೋಗಿ ಬರತಿದ್ರು. ಅವರಿಗಿ ಅದು ಗೊತ್ತೂ ಇರಲಿಲ್ಲ, ಬೇಕೂ ಇರಲಿಲ್ಲ.

ಈ ಎಲ್ಲಾ ತಯಾರಿಯೊಳಗ ಮೊದಲು ತೀರ್ಮಾನ ಆಗೂದು ಬುತ್ತಿ ಅಲ್ಲ, ಚಕ್ಕಡಿ ಅಲ್ಲ. "ಮನಿಯಾಗ ಯಾರು ಉಳೀತೀರಿ?" ಅನ್ನೂದು. ದನ ಅದಾವ, ಕಣದಾಗ ಜ್ವಾಳ ಐತಿ, ಮುದುಕರು ಅದಾರ. ಉಳಿಯೂದು ಯಾವಾಗಲೂ ಒಬ್ಬ ಸೊಸಿ. ನಮ್ಮ ಅಮ್ಮ ಮೈಲಾರದ ಹಾದಿ, ಹೊಳಿ, ಬಿಲ್ಲು, ಗೊರವರ ಕುಲಾವಿ ಎಲ್ಲಾ ಕಣ್ಣಿಗಿ ಕಟ್ಟಿದಂಗ ಹೇಳತಿದ್ಲು. ಸೊಸಿಯಾಗಿ ಬಂದ ಮ್ಯಾಲೆ ಆಕಿ ಮೈಲಾರಕ್ಕ ಹೋಗಿದ್ದು ಎರಡ ಸಲ. ಉಳಿದದ್ದೆಲ್ಲಾ ಹೋಗಿ ಬಂದವರ ಬಾಯಿಂದ ಕೇಳಿ ಕೂಡಿಸಿಟ್ಟದ್ದು.

ಅಲ್ಲೆ ಸ್ಪರ್ಧಾ ಇರಲಿಲ್ಲೇನು ಅಂದ್ರ, ಇತ್ತು, ಆದ್ರ ಕಪ್ಪು ಇರಲಿಲ್ಲ. ಬೀರಪ್ಪನ ಗುಡಿ ಮುಂದ ಎರಡು ಊರಿನ ಡೊಳ್ಳಿನ ಮೇಳ ಎದರಾಬದರಾ ನಿಂತು ರಾತ್ರಿಯೆಲ್ಲಾ ಹಾಡಿಕಿ ಹಾಕತಿದ್ರು. ಒಬ್ಬರು ಹರದೇಶಿ ಹಿಡಿದು ಗಂಡು ದೊಡ್ಡದು, ಶಿವ ದೊಡ್ಡವ ಅಂದ್ರ, ಇನ್ನೊಬ್ಬರು ನಾಗೇಶಿ ಹಿಡಿದು ಹೆಣ್ಣು ದೊಡ್ಡದು, ಶಕ್ತಿ ದೊಡ್ಡಾಕಿ ಅನ್ನತಿದ್ರು. ಪ್ರಶ್ನಾಕ್ಕ ಉತ್ತರ ಕೊಡಾಕ ಆಗದ ಮೇಳ ಸೋತಂಗ. ತೀರ್ಪು ಹೇಳಾಕ ಯಾವ ಸಾಹೇಬರೂ ಇಲ್ಲ, ಕುಂತ ಮಂದೀನ ನ್ಯಾಯ. ಇದರಾಗ ಒಂದು ವಿಚಿತ್ರ ನೋಡ್ರಿ: ಹೆಣ್ಣು ದೊಡ್ಡದು ಅಂತ ಬೆಳಗಾನ ವಾದ ಮಾಡೂ ಡೊಳ್ಳಿನ ಮೇಳದಾಗ ಡೊಳ್ಳು ಹೊತ್ತವರು ಎಲ್ಲಾರೂ ಗಂಡಸರು.

ಇನ್ನ ರೈಲಿನ ಕತಿ. 1876ರಿಂದ 1878ರ ತನಕ ಬಿದ್ದ ದೊಡ್ಡ ಬರದಾಗ ಈ ಸೀಮಿಗಿ ಕಾಳು ತಂದು ಹಾಕಾಕ ಹಾದಿನ ಇರಲಿಲ್ಲ. ಬರ ಬಂದ್ರ ಧಾನ್ಯ ಸಾಗಿಸಾಕ ಬೇಕು, ಹತ್ತಿ ಬೆಳದ್ರ ಬಂದರಿಗಿ ಒಯ್ಯಾಕ ಬೇಕು ಅಂತ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಅದರ ಮುಖ್ಯ ಕಚೇರಿ ಧಾರವಾಡದಲ್ಲಿ, ಕಾರ್ಖಾನಿ ಹುಬ್ಬಳ್ಳಿಯಲ್ಲಿ. ಅದೇ ದಶಕದಲ್ಲಿ ಹುಬ್ಬಳ್ಳಿಯಿಂದ ಹಾವೇರಿ, ರಾಣೆಬೆನ್ನೂರು ಹಾದು ಹರಿಹರದ ತನಕ ಮೀಟರ್ ಗೇಜ್ ಹಳಿ ಬಂತು. ಹಳಿ ಹಾಕಿದ್ದು ಕಾಳಿಗಿ, ಹತ್ತಿಗಿ. ಹತ್ತಿದ್ದು ಮಂದಿ. ಹುಬ್ಬಳ್ಳಿ ಅನ್ನೂದು ನಮಗ "ದೂರದ ಪ್ಯಾಟಿ" ಆಗಿದ್ದು ಹೋಗಿ "ಮುಂಜಾನೆ ಹೋಗಿ ಸಂಜೀಕ ಬರೂ ಪ್ಯಾಟಿ" ಆತು. ಆದ್ರ ರೈಲಿಗಿ ತಿಕೀಟು ತಲಿಗೊಂದು. ಚಕ್ಕಡಿಯೊಳಗ ಒಂದು ಕೂಸು ಹೆಚ್ಚಾದ್ರ ಸರದು ಕೂಡತಿದ್ರು. ರೈಲಿನಾಗ ರೊಕ್ಕಾ ಎಣಿಸಬೇಕು. ಎಣಿಸೂ ಹೊತ್ತಿಗಿ ಮತ್ತ ಮೊದಲು ಹೆಸರು ಬಿಡೂದು ಹೆಣ್ಣಮಕ್ಕಳದ್ದು.

ಕುಣಿತ ಗುಡಿ ಅಂಗಳದಿಂದ ವೇದಿಕೆಗೆ ಏರಿದ್ದು ಸ್ವಾತಂತ್ರ್ಯ ಬಂದ ಮ್ಯಾಲೆ. 1953ರ ಗಣರಾಜ್ಯೋತ್ಸವಕ್ಕೆ ಬ್ಯಾರೆ ಬ್ಯಾರೆ ರಾಜ್ಯಗಳ ಜನಪದ ಕುಣಿತದವರನ್ನ ದಿಲ್ಲಿಗಿ ಕರಿಸಿದರು. ಅದೇ ವರ್ಷ ಅಕ್ಟೋಬರ್ 1ಕ್ಕ ಬಳ್ಳಾರಿ ಜಿಲ್ಲೆಯ ಕನ್ನಡ ತಾಲೂಕುಗಳು, ಅದರಾಗ ಹಡಗಲಿಯೂ ಕೂಡಿ, ಮದ್ರಾಸ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದವು. 1956ರ ನವೆಂಬರ್ 1ಕ್ಕ ಧಾರವಾಡ ಜಿಲ್ಲೆಯೂ ಬಂತು. ಮೂರು ಸರಕಾರದ ಹೊಳಿ ಒಂದು ಸರಕಾರದ ಹೊಳಿ ಆತು. ಇನ್ನೊಂದು ಕಡಿ 1954ರಲ್ಲಿ ದಿಲ್ಲಿಯ ತಾಲಕಟೋರಾ ಉದ್ಯಾನದಲ್ಲಿ ವಿಶ್ವವಿದ್ಯಾಲಯಗಳ ಯುವಜನೋತ್ಸವ ಸುರು ಆತು. ಮುಂದ ತಾಲೂಕು, ಜಿಲ್ಲಾ, ರಾಜ್ಯ ಮಟ್ಟದ ಯುವಜನ ಮೇಳ, ಸಾಲಿ ಮಕ್ಕಳಿಗಿ ಪ್ರತಿಭಾ ಕಾರಂಜಿ. 1995ರಲ್ಲಿ ಭೋಪಾಲದಲ್ಲಿ ಮೊದಲನೇ ರಾಷ್ಟ್ರೀಯ ಯುವಜನೋತ್ಸವ ನಡೀತು. ವಿವೇಕಾನಂದರ ಹುಟ್ಟಿದ ದಿನ ಜನವರಿ 12, ಅದಕ್ಕ ಹೊಂದಿಸಿ 2024ರ ತನಕ ವರ್ಷಕ್ಕೊಂದು ಊರಿನಾಗ ಇದು ನಡೀತಿತ್ತು. ಕರ್ನಾಟಕದಾಗ 2012ರಲ್ಲಿ ಮಂಗಳೂರಿಗಿ ಬಂದಿತ್ತು. 2023ರಲ್ಲಿ ಇಪ್ಪತ್ತಾರನೇದ್ದು ನಮ್ಮ ಹುಬ್ಬಳ್ಳಿ-ಧಾರವಾಡಕ್ಕ ಬಂತು.

ವೇದಿಕೆ ಏರಿದ ಮ್ಯಾಲೆ ಕುಣಿತ ಬದಲಾತು. ಡೊಳ್ಳು ಕುಣಿತ ಮೂಲದಾಗ ಗುಂಡಗ ನಿಂತು ಕುಣಿಯೂದು, ಮಂದಿ ಸುತ್ತಲೂ ಇರತಾರ. ವೇದಿಕೆಗೆ ಮುಖ ಒಂದೇ ಕಡಿ. ತೀರ್ಪುಗಾರರು ಎಲ್ಲಿ ಕುಂತಾರೋ ಅತ್ತ ಎದಿ ಕೊಟ್ಟು ಕುಣೀಬೇಕು. ಗುಡಿ ಮುಂದ ಬೆಳಗಾನ ನಡಿಯೂದು ಇಲ್ಲಿ ಗಡಿಯಾರದ ನಿಮಿಷದೊಳಗ ಮುಗೀಬೇಕು. ಅದಕ್ಕ ನಿಧಾನ ಏರೂ ಗತ್ತು ಕಡಿಮಿ ಆಗಿ, ಒಬ್ಬರ ಹೆಗಲ ಮ್ಯಾಲೆ ಒಬ್ಬರು ನಿಂತು ಡೊಳ್ಳು ಹೊಡಿಯೂ ಕಸರತ್ತು ಹೆಚ್ಚಾತು. ಹಿರೇ ಕಲಾವಿದರಿಗಿ ಇದರ ಬಗ್ಗಿ ಬ್ಯಾಸರ ಐತಿ, ಅದು ಸುಳ್ಳಲ್ಲ. ಆದ್ರ ವೇದಿಕೆ ಒಂದು ಉಪಕಾರನೂ ಮಾಡೇತಿ. ಗುಡಿ ಅಂಗಳದಾಗ ಯಾರು ಡೊಳ್ಳು ಹೊರಬೇಕು ಅನ್ನೂದು ಕುಲ, ಮನಿತನ ನೋಡಿ ತೀರ್ಮಾನ ಆಗತಿತ್ತು. ಸಾಲಿ, ಕಾಲೇಜಿನ ತಂಡದಾಗ ಆ ಕಟ್ಟು ಸಡಿಲ ಆತು. ಇವತ್ತು ಹೆಣ್ಣಮಕ್ಕಳ ಡೊಳ್ಳಿನ ತಂಡ ಕರ್ನಾಟಕದಾಗ ಅಪರೂಪ ಏನಲ್ಲ. ಗೊಟಗೋಡಿಯಲ್ಲಿ, ಅಂದ್ರ ನಮ್ಮ ಜಿಲ್ಲೆಯ ಶಿಗ್ಗಾವಿ ತಾಲೂಕಿನೊಳಗನ, 2011ರಲ್ಲಿ ಜಾನಪದಕ್ಕಂತನ ಒಂದು ವಿಶ್ವವಿದ್ಯಾಲಯ ಸುರು ಆಗೇತಿ. ಅಮ್ಮನ ಕಾಲಕ್ಕ ಯಾರಾದ್ರೂ "ಡೊಳ್ಳಿಗಿ ಡಿಗ್ರಿ ಕೊಡತಾರ" ಅಂದಿದ್ರ ನಕ್ಕ ಬಿಡತಿದ್ಲು.

2023ರ ಜನವರಿಗಿ ನಮ್ಮ ಮನಿ ಲೆಕ್ಕ ಹಾಕಿದ್ದು ಹಿಂಗ. ಉತ್ಸವ 12ರಿಂದ 16ರ ತನಕ, ಸಂಕ್ರಾಂತಿ 15ಕ್ಕ, ಭಾನುವಾರ. ಸಂಕ್ರಾಂತಿ ಅಂದ್ರ ನಮಗ ಹೊಳಿ ಸ್ನಾನ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ, ಬುತ್ತಿ ಕಟಗೊಂಡು ಹೊಳಿ ದಂಡಿಗಿ ಕುಂತು ಉಣ್ಣೂದು. ಅದನ್ನ ಬಿಡಾಕ ಯಾರೂ ಒಪ್ಪಲಿಲ್ಲ. ಹೊಲದಾಗ ಮೆಣಸಿನಕಾಯಿ ಹಣ್ಣಾಗಿತ್ತು. ಬಿಡಿಸೂ ಆಳು ಸಿಕ್ಕ ದಿನ ಬಿಟ್ಟರ ಬ್ಯಾಡಗಿ ಪ್ಯಾಟಿ ರೇಟು ಕಾಯೂದಿಲ್ಲ. ಮಕ್ಕಳಿಗಿ ದೇಶದ ಎಲ್ಲಾ ರಾಜ್ಯದ ಜನಪದ ಕುಣಿತ ಒಂದ ಕಡಿ ನೋಡೂ ಅವಕಾಶ ಮತ್ತ ಯಾವಾಗ ಸಿಗತೈತೋ ಗೊತ್ತಿಲ್ಲ. ಮನಿಯಾಗ ಏಳು ಮಂದಿ, ಎರಡು ಎಮ್ಮಿ.

ಅವ್ವ ರೂಢಿಯಂಗ "ನೀವು ಹೋಗಿ ಬರ್ರಿ, ನಾ ಎಮ್ಮಿ ನೋಡಕೋತೀನಿ" ಅಂದ್ಲು. ನಾನು ಅದಕ್ಕ ಒಪ್ಪಲಿಲ್ಲ. ಅಮ್ಮನ ಎರಡು ಮೈಲಾರದ ಲೆಕ್ಕ ನನ್ನ ತಲ್ಯಾಗ ಇತ್ತು. ಅದಕ್ಕ ಎರಡು ತಂಡ ಮಾಡಿದಿವಿ. ಶನಿವಾರ ಅವ್ವ, ನಾನು, ಮಕ್ಕಳು. ಆ ದಿನ ಎಮ್ಮಿ, ಆಳು, ಅಡಗಿ ಎಲ್ಲಾ ಅಣ್ಣಂದು. ಭಾನುವಾರ ಎಲ್ಲಾರೂ ಕೂಡಿ ಹೊಳಿ. ಸೋಮವಾರ ಅಣ್ಣ, ಅತ್ತಿಗಿ. ಅಣ್ಣ ಗೊಣಗಿದ, ಆದ್ರ ಮಾಡಿದ. ಹಾಲು ಹಿಂಡೂದು ಅವಗೂ ಬರತೈತಿ ಅಂತ ಆವತ್ತ ಗೊತ್ತಾತು.

ಮುಂಜಾನೆ ರಾಣೆಬೆನ್ನೂರಿನಿಂದ ಹುಬ್ಬಳ್ಳಿ, ನೂರು ಕಿಲೋಮೀಟರಿನ ಆಸುಪಾಸು. ಅಲ್ಲಿಂದ ಧಾರವಾಡಕ್ಕ ಚಿಗರಿ ಬಸ್ಸು. ರಾಣೆಬೆನ್ನೂರ ಕಡಿಯವರಿಗಿ ಚಿಗರಿ ಅಂದ್ರ ಅಭಯಾರಣ್ಯದ ಕೃಷ್ಣಮೃಗ, ಅವಳಿ ನಗರದಾಗ ಚಿಗರಿ ಅಂದ್ರ ಎಸಿ ಬಸ್ಸು. ಮಕ್ಕಳಿಗಿ ಅದರದ್ದ ಒಂದು ನಗಿ. ಬುತ್ತಿಗಿ ಅದೇ ಕಟಕ ರೊಟ್ಟಿ, ಅದೇ ಗುರೆಳ್ಳ ಚಟ್ನಿ. ಬ್ಯಾರೆ ರಾಜ್ಯದ ಹುಡಿಗ್ಯಾರು ಹೆಜ್ಜಿ ಹಾಕೂದನ್ನ ನೋಡಿ ಅವ್ವ ಒಂದ ಮಾತು ಅಂದ್ಲು: "ಮಾತು ತಿಳೀವಲ್ದು, ಆದ್ರ ಇದು ಬಿತ್ತೂದು, ಇದು ಕೇರೂದು." ಹೌದಲ್ಲ. ಮೊರ ಹಿಡದ ಕೈ ಯಾವ ಸೀಮಿಯಾಗೂ ಹಂಗ ತಿರಗತೈತಿ. ಗೆದ್ದವರು ಯಾರು ಅನ್ನೂದಕ್ಕಿಂತ ಆ ಮಾತು ನಮಗ ಹೆಚ್ಚು ನೆನಪೈತಿ.

ಅದಾದ ಐದು ತಿಂಗಳಿಗಿ, 2023ರ ಜೂನ್ 11ಕ್ಕ, ಶಕ್ತಿ ಯೋಜನಾ ಬಂತು. ರಾಜ್ಯದೊಳಗ ಸಾದಾ ಸರಕಾರಿ ಬಸ್ಸಿನಾಗ ಹೆಣ್ಣಮಕ್ಕಳಿಗಿ ತಿಕೀಟಿನ ರೊಕ್ಕಾ ಇಲ್ಲ. ಇದರ ಬಗ್ಗಿ ಪರ ಮಾತೂ ಅದಾವ, ವಿರೋಧ ಮಾತೂ ಅದಾವ. ನಾನು ಮನಿಯ ಲೆಕ್ಕ ಅಷ್ಟ ಹೇಳತೀನಿ. ರೈಲು ಬಂದಾಗಿನಿಂದ ನಡೆದು ಬಂದ ಎಣಿಕಿ ತಲಿಕೆಳಗಾತು. ಮೊದಲು ರೊಕ್ಕಾ ಉಳಸಾಕ ಹೆಂಗಸರ ಹೆಸರು ಬಿಡತಿದ್ರು, ಈಗ ರೊಕ್ಕಾ ಉಳಸಾಕ ಹೆಂಗಸರನ್ನ ಮುಂದ ಕಳಸತಾರ. ಮೈಲಾರದ ಜಾತ್ರಿಗೂ ಹಂಗ, ಮಗಳ ಸಾಲಿಯ ಜಿಲ್ಲಾ ಮಟ್ಟದ ಸ್ಪರ್ಧಾಕ್ಕೂ ಹಂಗ.

ಆದ್ರ ತಿಕೀಟು ಪುಗಸಟ್ಟೆ ಆದ್ರೂ ಎಮ್ಮಿ ಹಾಲು ತಾನ ಹಿಂಡಕೊಳ್ಳೂದಿಲ್ಲ. ಅದಕ್ಕ ಮಕ್ಕಳ ಡಾನ್ಸ್ ಸ್ಪರ್ಧಾಕ್ಕ ಊರು ಬಿಡೂ ಮನಿಯವರಿಗಿ ನಾ ಹೇಳೂದು ಇಷ್ಟ. ಪಟ್ಟಿ ಬರಿಯುವಾಗ ಬಸ್ಸು, ಬುತ್ತಿ, ವೇಷ, ಗೆಜ್ಜಿ, ಆಧಾರ ಕಾರ್ಡು ಎಲ್ಲಾ ಬರೀರಿ. ಅದರ ತಲಿಮ್ಯಾಲೆ "ಉಳಿಯೂದು ಯಾರು" ಅಂತ ಬರದು, ಹೋದ ಸಲ ಉಳಿದವರ ಹೆಸರು ಅದರ ಮುಂದ ಬರೀಬ್ಯಾಡ್ರಿ. ನಮ್ಮ ಮನಿಯಾಗ ಆ ಪಟ್ಟಿ ಅಡಗಿಮನಿ ಬಾಗಲ ಹಿಂದ ಅಂಟಿಸೇವಿ. ಈ ವರ್ಷ ಭಾರತ ಹುಣ್ಣಿಮಿಗಿ ಉಳಿಯೂ ಪಾಳಿ ನಂದು.