ಗುಣವಾಯಿತು ಎಂದವರು ಯಾರು?

ಮುರಿದ ಮೂಳೆ ಕೂಡಿತೋ ಇಲ್ಲವೋ ಎಂಬುದನ್ನು ಎಕ್ಸ್‌ರೇ ಹೇಳುತ್ತದೆ. ಮನಸ್ಸು ಗುಣವಾಯಿತೆಂದು ಹೇಳುವ ಯಂತ್ರ ಯಾವುದೂ ಇಲ್ಲ. ಹಾಗಾಗಿ ವೈದ್ಯರು, ಮನೆಯವರು, ಸರ್ಕಾರಗಳು ಕೈಗೆ ಸಿಕ್ಕಿದ ಒಂದು ಅಳತೆಗೋಲನ್ನೇ ಹಿಡಿದುಕೊಂಡು ಬಂದಿದ್ದಾರೆ: ರೋಗಿ ತನ್ನ ಕೆಲಸಕ್ಕೆ ಮರಳಿದರೆ ವಾಸಿಯಾಯಿತು, ಇಲ್ಲದಿದ್ದರೆ ಇನ್ನೂ ಇಲ್ಲ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಹೆಂಗಸಿನ ಕೆಲಸ ಯಾವುದು, ಗಂಡಸಿನ ಕೆಲಸ ಯಾವುದು ಎಂಬುದು ರೋಗಿ ಆಸ್ಪತ್ರೆಯ ಮೆಟ್ಟಿಲು ಹತ್ತುವ ಮೊದಲೇ ತೀರ್ಮಾನವಾಗಿರುತ್ತದೆ. ಹೆಣ್ಣು ಹೀಗಿರಬೇಕು, ಗಂಡು ಹಾಗಿರಬೇಕು ಎಂಬ ಕಟ್ಟುಪಾಡು ಮನಸ್ಸನ್ನು ಕೆಡಿಸುತ್ತದೆ ಎಂದು ಈಗ ಹಲವರು ಒಪ್ಪುತ್ತಾರೆ. ಅದು ಚಿಕಿತ್ಸೆಯ ಒಳಗೂ ಕೂತು 'ವಾಸಿ' ಎಂದರೇನು ಎಂಬುದನ್ನೇ ನಿರ್ಧರಿಸುತ್ತಿತ್ತು ಎಂಬುದರ ಕಡೆ ನಮ್ಮ ಗಮನ ಹೋದದ್ದು ಕಡಿಮೆ.

ಫಿಲಡೆಲ್ಫಿಯಾದ ಸೈಲಾಸ್ ವೇರ್ ಮಿಚೆಲ್ ಸಾಮಾನ್ಯ ವೈದ್ಯನಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ನರಕ್ಕೆ ಗುಂಡು ಬಿದ್ದ ಸೈನಿಕರನ್ನು ನೋಡಿಕೊಂಡವನು; ಕತ್ತರಿಸಿ ಹೋದ ಕೈಕಾಲು ಇನ್ನೂ ಇದೆಯೆಂದು ಅನಿಸುವ, ನೋಯುವ ವಿಚಿತ್ರವನ್ನು ವಿವರವಾಗಿ ಬರೆದಿಟ್ಟವನು. 1870ರ ದಶಕದಲ್ಲಿ ಈತ ರೂಪಿಸಿದ ವಿಶ್ರಾಂತಿ ಚಿಕಿತ್ಸೆ ಮುಖ್ಯವಾಗಿ ಬಳಕೆಯಾದದ್ದು ಹೆಂಗಸರ ಮೇಲೆ. ಆರರಿಂದ ಎಂಟು ವಾರ ಹಾಸಿಗೆಯೇ ಗತಿ. ಮೊದಮೊದಲು ಎದ್ದು ಕೂರುವಂತಿಲ್ಲ, ಓದುವಂತಿಲ್ಲ, ಬರೆಯುವಂತಿಲ್ಲ, ಹೊಲಿಗೆಯನ್ನೂ ಮುಟ್ಟುವಂತಿಲ್ಲ. ನರ್ಸ್ ತುತ್ತು ಬಾಯಿಗಿಡಬೇಕು, ಹಾಲು ಹೊಟ್ಟೆ ತುಂಬ ಕುಡಿಸಬೇಕು, ಸ್ನಾಯು ಸೊರಗದಂತೆ ಮೈ ತಿಕ್ಕಬೇಕು, ವಿದ್ಯುತ್ ಹಾಯಿಸಬೇಕು. ಮಗಳು ಹುಟ್ಟಿದ ಮೇಲೆ ಖಿನ್ನತೆಗೆ ಸಿಕ್ಕಿದ ಶಾರ್ಲಟ್ ಪರ್ಕಿನ್ಸ್ ಗಿಲ್ಮನ್ 1887ರಲ್ಲಿ ಮಿಚೆಲ್‌ನ ಬಳಿ ಹೋದಳು. ಮನೆಗೆ ಕಳಿಸುವಾಗ ಆತ ಕೊಟ್ಟ ಸಲಹೆಯನ್ನು ಆಕೆಯೇ ದಾಖಲಿಸಿದ್ದಾಳೆ: ಆದಷ್ಟೂ ಗೃಹಿಣಿಯಾಗಿಯೇ ಇರು, ಮಗುವನ್ನು ಸದಾ ಜೊತೆಗಿಟ್ಟುಕೋ, ಬೌದ್ಧಿಕ ಕೆಲಸ ದಿನಕ್ಕೆ ಎರಡು ಗಂಟೆ ಮೀರದಿರಲಿ, ಬದುಕಿರುವತನಕ ಲೇಖನಿ ಕುಂಚಗಳನ್ನು ಮುಟ್ಟಬೇಡ. ಕೆಲವು ತಿಂಗಳು ಪಾಲಿಸಿ, ಬುದ್ಧಿ ಕೆಡುವ ಅಂಚಿಗೆ ಬಂದು, ಆಕೆ ಅದನ್ನು ಬಿಟ್ಟಳು, ಬರೆಯತೊಡಗಿದಳು. 1892ರಲ್ಲಿ ಅಚ್ಚಾದ 'ದಿ ಯೆಲ್ಲೋ ವಾಲ್‌ಪೇಪರ್' ಕತೆಯ ಹಿಂದಿರುವುದು ಇದೇ ಅನುಭವ. ಇನ್ನು, ಮನಸ್ಸು ಕುಸಿದ ಓವೆನ್ ವಿಸ್ಟರ್ ಎಂಬ ಯುವಕನಿಗೆ 1885ರಲ್ಲಿ ಅದೇ ವೈದ್ಯ ಹೇಳಿದ್ದು ಬೇರೆಯೇ: ಪಶ್ಚಿಮಕ್ಕೆ ಹೋಗು, ಬಯಲಲ್ಲಿರು, ಕುದುರೆ ಹತ್ತು. ವಿಸ್ಟರ್ ವಯೋಮಿಂಗ್‌ಗೆ ಹೋದ. ಅಲ್ಲಿ ಕಂಡದ್ದನ್ನು ಬರೆದೇ ಮುಂದೆ ಕಾದಂಬರಿಕಾರನೆಂದು ಹೆಸರಾದ. ಬರವಣಿಗೆ ಒಬ್ಬಳಿಗೆ ರೋಗದ ಮೂಲ, ಇನ್ನೊಬ್ಬನಿಗೆ ಚಿಕಿತ್ಸೆಯ ಫಲ.

ಇಂದಿನ ಕನ್ನಡಕ ಹಾಕಿಕೊಂಡು ಅಂದಿನ ವೈದ್ಯರನ್ನು ಬೈಯುವುದು ಸುಲಭ ಎಂದು ಯಾರಾದರೂ ಹೇಳಬಹುದು. ಒಪ್ಪತಕ್ಕ ಮಾತೇ. ಊಟ ಬಿಟ್ಟು ಸೊರಗಿದ್ದ ಎಷ್ಟೋ ಹೆಂಗಸರು ಆ ಹಾಲು, ಆ ವಿಶ್ರಾಂತಿಯಿಂದ ನಿಜಕ್ಕೂ ಚೇತರಿಸಿಕೊಂಡಿರಬೇಕು. ಮನೆಗೆಲಸದಿಂದ ಎರಡು ತಿಂಗಳು ಬಿಡುವು ಸಿಕ್ಕಿದ್ದೇ ಕೆಲವರಿಗೆ ಔಷಧಿಯಾಗಿದ್ದರೂ ಆಶ್ಚರ್ಯವಿಲ್ಲ. ಆದರೆ ನನ್ನ ತಕರಾರು ಮಿಚೆಲ್‌ನ ಉದ್ದೇಶದ ಬಗ್ಗೆ ಅಲ್ಲ. ಆತ ಒಳ್ಳೆಯದನ್ನೇ ಬಯಸಿದ್ದ, ಮತ್ತು ಒಳ್ಳೆಯ ಹೆಂಗಸು ಎಂದರೆ ಏನೆಂದು ಅವನಿಗೆ ಸಂದೇಹವೇ ಇರಲಿಲ್ಲ.

ಗಂಡಸರ ಸರದಿ ಮೊದಲ ಮಹಾಯುದ್ಧದಲ್ಲಿ ಬಂತು. ಪ್ಯಾರಿಸ್‌ನ ನರವೈದ್ಯ ಶಾರ್ಕೋ 1880ರ ದಶಕದಲ್ಲೇ, ಹೆಂಗಸರದೆಂದೇ ತಿಳಿದಿದ್ದ ಹಿಸ್ಟೀರಿಯಾ ಗಂಡಸರಿಗೂ ಬರುತ್ತದೆಂದು, ಅದೂ ಗಟ್ಟಿಮುಟ್ಟಾದ ಕೂಲಿಕಾರರಲ್ಲಿ, ತೋರಿಸಿದ್ದ. ನಂಬಲು ಹಲವರು ತಯಾರಿರಲಿಲ್ಲ. ಕಂದಕಗಳಿಂದ ಮಾತು ಸತ್ತು, ಕೈ ನಡುಗುತ್ತ, ಕಣ್ಣು ಕಾಣದೆ ಸಾವಿರಾರು ಸೈನಿಕರು ಬಂದಾಗ ಲಕ್ಷಣಗಳೆಲ್ಲ ಹಿಸ್ಟೀರಿಯಾದವೇ. ಸೇನೆಯ ವೈದ್ಯ ಚಾರ್ಲ್ಸ್ ಮೈಯರ್ಸ್ 1915ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಳಸಿದ 'ಶೆಲ್ ಶಾಕ್' ಎಂಬ ಹೆಸರು ಸೈನಿಕನ ಮಾನ ಕಾಯುವ ಹಾಗಿತ್ತು, ತಪ್ಪೆಲ್ಲ ಸಿಡಿಗುಂಡಿನದ್ದು. ಚಿಕಿತ್ಸೆ ಮಾತ್ರ ಅಷ್ಟು ಮರ್ಯಾದೆಯದಾಗಿರಲಿಲ್ಲ. ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯ ಲೂಯಿಸ್ ಯೆಲ್ಯಾಂಡ್ 1918ರ ತನ್ನ ಪುಸ್ತಕದಲ್ಲಿ 24 ವರ್ಷದ ಒಬ್ಬ ಸಿಪಾಯಿಯ ಕತೆಯನ್ನು ಹೆಮ್ಮೆಯಿಂದಲೇ ಹೇಳುತ್ತಾನೆ. ಹಲವು ಕದನಗಳನ್ನು ಕಂಡಿದ್ದ ಆ ಹುಡುಗನಿಗೆ ಒಂಬತ್ತು ತಿಂಗಳಿಂದ ಮಾತಿಲ್ಲ. ಉರಿಯುವ ಸಿಗರೇಟನ್ನು ನಾಲಗೆಗೆ ತಾಗಿಸುವುದೂ ಹಿಂದೆಯೇ ಆಗಿಹೋಗಿತ್ತು. ಯೆಲ್ಯಾಂಡ್ ಕತ್ತಲೆ ಮಾಡಿದ ಕೋಣೆಗೆ ಬೀಗ ಹಾಕಿ, ಗಂಟಲ ಒಳಗೆ ವಿದ್ಯುತ್ ಕೊಟ್ಟು, ಮಾತಾಡುವತನಕ ಇಲ್ಲಿಂದ ಹೊರಗೆ ಹೋಗುವಂತಿಲ್ಲ ಎಂದ. ಯುದ್ಧ ಕಂಡ ವೀರ ವೀರನಂತೆ ನಡೆದುಕೊಳ್ಳಬೇಕೆಂದು ನೆನಪಿಸಿದ. ನಾಲ್ಕು ಗಂಟೆ ಹಿಡಿಯಿತು. ಹುಡುಗ ಮಾತಾಡಿದ, ಕೇಸು ಗೆದ್ದ ಪಟ್ಟಿಗೆ ಸೇರಿತು.

ಎಲ್ಲರೂ ಯೆಲ್ಯಾಂಡ್‌ನಂತಿರಲಿಲ್ಲ. ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹಾರ್ಟ್‌ನಲ್ಲಿ, ಅಧಿಕಾರಿಗಳಿಗೆಂದೇ ಇದ್ದ ಆಸ್ಪತ್ರೆಯಲ್ಲಿ, ಡಬ್ಲ್ಯೂ.ಎಚ್.ಆರ್. ರಿವರ್ಸ್ ಮಾತಾಡಿಸಿ ವಾಸಿ ಮಾಡಲು ನೋಡಿದ. ನಡೆದದ್ದನ್ನು ಮರೆತುಬಿಡು, ಗಂಡಸಾಗಿ ನುಂಗಿಕೋ ಎನ್ನುವ ಸಲಹೆಯೇ ರೋಗವನ್ನು ಹೆಚ್ಚಿಸುತ್ತದೆ ಎಂದು ಆತ ವಾದಿಸಿದ. ಇಂದಿನ ಆಪ್ತಸಮಾಲೋಚನೆಗೆ ಆತ ಪೂರ್ವಿಕನೆಂದರೆ ಸಲ್ಲುತ್ತದೆ. ಆದರೂ 1917ರಲ್ಲಿ ಅವನ ಬಳಿ ಬಂದ ಕವಿ ಸಿಗ್‌ಫ್ರಿಡ್ ಸಸೂನ್ ಗುಣವಾಗಿ ಹೋದದ್ದು ಮತ್ತೆ ಸೇನೆಯ ಕರ್ತವ್ಯಕ್ಕೇ. ದಾರಿ ಕ್ರೂರವಿರಲಿ, ಮೃದುವಿರಲಿ, ಹೋಗಿ ಸೇರುವ ಊರು ಒಂದೇ: ಹೆಂಗಸು ಮಗುವಿನ ಕೋಣೆಗೆ, ಗಂಡಸು ಕಂದಕಕ್ಕೆ. ಚೇತರಿಸಿಕೊಳ್ಳಲು ಸಮಯವೇ ಸಿಗದವರೂ ಇದ್ದರು. ಯುದ್ಧದಲ್ಲಿ ಓಡಿಹೋದದ್ದಕ್ಕೆ, ಹೇಡಿತನಕ್ಕೆ ಬ್ರಿಟಿಷ್ ಸೇನೆ ಗುಂಡಿಟ್ಟು ಕೊಂದ 306 ಮಂದಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ.

ಇದೆಲ್ಲ ಹಳೆಯ ಕಾಲದ ಗಂಡು ವೈದ್ಯರ ಮಾತಾಯಿತು ಎನ್ನುವವರಿಗೆ 1970ರ ಒಂದು ಅಮೆರಿಕನ್ ಅಧ್ಯಯನ ಉತ್ತರ ಕೊಡುತ್ತದೆ. ಇಂಗ ಬ್ರೋವರ್‌ಮನ್ ಮತ್ತು ಸಂಗಡಿಗರು 79 ಮನೋಚಿಕಿತ್ಸಕರನ್ನು ಮೂರು ಗುಂಪು ಮಾಡಿ, ಮಾನಸಿಕವಾಗಿ ಆರೋಗ್ಯವಂತ ಗಂಡಸು ಹೇಗಿರುತ್ತಾನೆಂದು ಒಂದು ಗುಂಪನ್ನು, ಹೆಂಗಸು ಹೇಗಿರುತ್ತಾಳೆಂದು ಇನ್ನೊಂದನ್ನು, ಬರೀ ವಯಸ್ಕ ವ್ಯಕ್ತಿ ಹೇಗಿರುತ್ತಾರೆಂದು ಮತ್ತೊಂದನ್ನು ಕೇಳಿದರು. ಗಂಡಸಿನ ಚಿತ್ರವೂ ವ್ಯಕ್ತಿಯ ಚಿತ್ರವೂ ಒಂದೇ ಆಗಿ ಬಂತು. ಆರೋಗ್ಯವಂತ ಹೆಂಗಸು ಮಾತ್ರ ಹೆಚ್ಚು ವಿಧೇಯಳು, ಕಡಿಮೆ ಸ್ವತಂತ್ರಳು, ಸಣ್ಣದಕ್ಕೂ ಗಾಬರಿಯಾಗುವವಳು. ಅಂದರೆ ಹೆಂಗಸಾಗಿ ಆರೋಗ್ಯದಿಂದಿರುವವಳು ವ್ಯಕ್ತಿಯಾಗಿ ಕಾಯಿಲೆಯವಳು. ಉತ್ತರಿಸಿದವರಲ್ಲಿ 33 ಮಂದಿ ಮಹಿಳೆಯರೇ ಇದ್ದರು. ಅವರ ಉತ್ತರವೂ ಬೇರೆಯಾಗಿರಲಿಲ್ಲ. ಪ್ರಶ್ನೆಪಟ್ಟಿಯಲ್ಲಿ ಗಂಡಸರ ಗುಣವೆನಿಸಿಕೊಂಡ ವಿಶೇಷಣಗಳೇ ಹೆಚ್ಚಿದ್ದುದರಿಂದ ಫಲಿತಾಂಶ ವಾಲಿತು ಎಂದು ಮುಂದೆ ಟೀಕಾಕಾರರು ಹೇಳಿದರು. ಟೀಕೆ ಗಟ್ಟಿಯಾದದ್ದೇ. ಆದರೆ ಒಳ್ಳೆಯ ಗುಣಗಳ ಪಟ್ಟಿ ಮಾಡಹೊರಟರೆ ಅವು ಗಂಡಸಿನ ಕಡೆಗೇ ಹೆಚ್ಚು ಬೀಳುವುದೇಕೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ನಮ್ಮಲ್ಲಿ ಇದೇ ಅಳತೆಗೋಲು ಮದುವೆಯ ರೂಪದಲ್ಲಿ ಬರುತ್ತದೆ. ಮದುವೆ ಮಾಡಿದರೆ ಹುಡುಗ ಸರಿಹೋಗುತ್ತಾನೆ, ಒಂದು ಮಗುವಾದರೆ ಅವಳ ತಲೆ ನೆಟ್ಟಗಾಗುತ್ತದೆ ಎನ್ನುವ ಮಾತನ್ನು ಕೇಳದ ಮನೋವೈದ್ಯರು ಕರ್ನಾಟಕದಲ್ಲಿ ಸಿಗಲಾರರು. ಸರಿಹೋಗದಿದ್ದಾಗ ಅದೇ ಕಾಯಿಲೆ ಮದುವೆ ಮುರಿಯುವ ಆಧಾರವಾಗುತ್ತದೆ. 1955ರ ಹಿಂದೂ ವಿವಾಹ ಕಾಯ್ದೆ ಮಾನಸಿಕ ಅಸ್ವಸ್ಥತೆಯನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪುತ್ತದೆ. ಹೆಂಡತಿಗೆ ಸ್ಕಿಜೋಫ್ರೇನಿಯಾ ಇದೆಯೆಂದು ವಿಚ್ಛೇದನ ಕೇಳಿದ ರಾಮ್ ನಾರಾಯಣ್ ಗುಪ್ತಾ ಪ್ರಕರಣದಲ್ಲಿ 1988ರಲ್ಲಿ ತೀರ್ಪು ಬರೆದವರು ನಮ್ಮವರೇ ಆದ ಎಂ.ಎನ್. ವೆಂಕಟಾಚಲಯ್ಯ. ಕಾಯಿಲೆಗೆ ಹೆಸರಿಟ್ಟ ಮಾತ್ರಕ್ಕೆ ವಿಚ್ಛೇದನ ಸಿಗದು, ಅದರ ತೀವ್ರತೆ ಎಷ್ಟೆಂಬುದು ಮುಖ್ಯ ಎಂದು ಸುಪ್ರೀಂ ಕೋರ್ಟ್ ಅಂದು ಹೇಳಿತು. ಕಾನೂನು ಗಂಡಹೆಂಡಿರಿಬ್ಬರಿಗೂ ಒಂದೇ ಇರಬಹುದು. ಕಾಯಿಲೆಯ ಹೆಂಡತಿಯನ್ನು ತವರಿಗೆ ಕಳಿಸುವ ರೂಢಿ ಇರುವಷ್ಟು ಸಲೀಸಾಗಿ ಕಾಯಿಲೆಯ ಗಂಡನನ್ನು ಕಳಿಸಲು ಯಾವ ಮನೆಯೂ ಇಲ್ಲ.

ಹೆಂಗಸರಲ್ಲಿ ಖಿನ್ನತೆ ಹೆಚ್ಚಿರುವುದಕ್ಕೆ ಹಾರ್ಮೋನು ಕಾರಣ, ಪಾತ್ರಗಳ ಮಾತೇಕೆ ಎನ್ನುವವರಿದ್ದಾರೆ. ದೇಹದ ಪಾಲು ಇದ್ದೇ ಇದೆ. ಆದರೆ ಗೋವಾದ ತಾಯಂದಿರ ಬಗ್ಗೆ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಣಂತಿಯ ಖಿನ್ನತೆಗೂ ಬಡತನ, ಗಂಡನ ಹಿಂಸೆ, ಹುಟ್ಟಿದ ಮಗುವಿನ ಲಿಂಗ ಇವಕ್ಕೂ ನಂಟು ಕಂಡಿತು. ಹೆಣ್ಣು ಹುಟ್ಟಿದ್ದಕ್ಕೆ ಮನೆಯವರ ಮುಖ ಬಾಡುವುದು ಹಾರ್ಮೋನಿನ ಕೆಲಸವಲ್ಲ. ಆತ್ಮಹತ್ಯೆಯಲ್ಲಿ ಗಂಡಸರೇ ಹೆಚ್ಚಲ್ಲವೇ ಎನ್ನುವ ಇನ್ನೊಂದು ಆಕ್ಷೇಪವೂ ಉಂಟು. ಹೌದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2021ರಲ್ಲಿ ಲೆಕ್ಕ ಹಾಕಿದ 1,64,033 ಸಾವುಗಳಲ್ಲಿ 1,18,979 ಗಂಡಸರವು. ಮಹಿಳೆಯರ 45,026 ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು, 23,178, ಗೃಹಿಣಿಯರವು. ದುಡಿದು ತರಲಾಗದ ಗಂಡಸು, ಮನೆಯೊಳಗೇ ಉಳಿದ ಹೆಂಗಸು ಇಬ್ಬರೂ ಇರುವ ಈ ಲೆಕ್ಕ ನನ್ನ ವಾದವನ್ನು ಅಲ್ಲಗಳೆಯುವುದಿಲ್ಲ, ಗಟ್ಟಿಗೊಳಿಸುತ್ತದೆ.

ಹಾಗಾಗಿ ರೋಗಿಯನ್ನು ಕರೆತರುವವರಲ್ಲಿ, ಎದುರು ಕೂರುವ ಸಮಾಲೋಚಕರಲ್ಲಿ ಒಂದು ಕೋರಿಕೆ. ಅಡುಗೆಗೆ ಯಾವಾಗ ನಿಲ್ಲುತ್ತಾಳೆ, ಕೆಲಸಕ್ಕೆ ಯಾವಾಗ ಹೋಗುತ್ತಾನೆ ಎಂದು ಕೇಳುವ ಮೊದಲು, ನಿನಗೆ ಏನಾದರೆ ವಾಸಿಯಾದಂತೆ ಎಂದು ಆ ವ್ಯಕ್ತಿಯನ್ನೇ ಕೇಳಿ. ಕೇಳುವವರು ಮನೆಯಲ್ಲಿ ಯಾರೂ ಇಲ್ಲದವರಿಗೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 2022ರಿಂದ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.