70 ಎಂಎಂ ಅಂದ್ರೆ ಪರದೆ ಅಲ್ಲ, ಪ್ರಿಂಟು: 'ಶೋಲೆ' ರೀಲು ಹುಡುಕಿ ಹೊರಟ ಕಥೆ

ಈ ಸಂಚಿಕೆಯಲ್ಲಿ ಒಂದು ಸೋತ ಲೆಕ್ಕದ ಕಥೆ ಹೇಳ್ತೀನಿ.

2025ರ ಆಗಸ್ಟ್ 15ಕ್ಕೆ 'ಶೋಲೆ' ಬಿಡುಗಡೆಯಾಗಿ 50 ವರ್ಷ. ನಾವು ನಾಲ್ಕು ಜನ ಸ್ನೇಹಿತರು ತಿಂಗಳಿಗೊಂದು ಹಳೇ ಸಿನಿಮಾ ತೋರಿಸೋ ಸಣ್ಣ ಕ್ಲಬ್ ನಡೆಸ್ತೀವಿ. ಆ ದಿನ 'ಶೋಲೆ'ಯನ್ನು ನಿಜವಾದ 70 ಎಂಎಂ ಪ್ರಿಂಟ್‌ನಲ್ಲೇ ತೋರಿಸಬೇಕು ಅನ್ನೋ ಹುಚ್ಚು ನನಗೆ ಹತ್ತಿತು. ಅದಕ್ಕೆ ಕಾರಣ ನಮ್ಮ ಸೋದರಮಾವ. ಅವರದ್ದು ರಾಮನಗರದ ಪಕ್ಕದ ಹಳ್ಳಿ. 1973ರಲ್ಲಿ ಅಲ್ಲಿನ ಬಂಡೆಗಳ ನಡುವೆ ಶೂಟಿಂಗ್ ಶುರುವಾದಾಗ ಅವರಿಗೆ ಹತ್ತು ವರ್ಷ, ಸ್ಕೂಲಿಗೆ ಚಕ್ಕರ್ ಹಾಕಿ ನೋಡಿದವರು. ಆಮೇಲೆ ಬೆಂಗಳೂರಿಗೆ ಬಂದು 70 ಎಂಎಂನಲ್ಲಿ ಪಿಕ್ಚರ್ ನೋಡಿದ್ರು. "ನಾಣ್ಯ ಚಿಮ್ಮಿಸಿದ್ರೆ ಪಕ್ಕದ ಸೀಟಿನ ಕೆಳಗೇ ಬಿದ್ದಂಗಿತ್ತು ಕಣೋ" ಅಂತ ಇವತ್ತಿಗೂ ಹೇಳ್ತಾರೆ.

ಬಿ.ಕಾಂ ಓದಿದವನು ನಾನು, ಮೊದಲು ಎಕ್ಸೆಲ್ ತೆರೆದೆ. ಥಿಯೇಟರ್ ಬಾಡಿಗೆ, ಸಾಗಣೆ, ಹಕ್ಕಿನ ಫೀಸು, ಆಪರೇಟರ್ ಸಂಬಳ. ಎಲ್ಲದಕ್ಕೂ ಒಂದೊಂದು ಅಂದಾಜು ಬರೆದೆ. ಮೊದಲನೇ ಸಾಲು ಮಾತ್ರ ಖಾಲಿ ಉಳೀತು: ಪ್ರಿಂಟು ಎಲ್ಲಿದೆ?

ಅದಕ್ಕೂ ಮೊದಲು ಒಂದು ಗೊಂದಲ ಬಗೆಹರಿಸೋಣ. ನಮ್ಮ ಊರುಗಳ ಥಿಯೇಟರ್ ಬೋರ್ಡ್ ಮೇಲೆ '70 ಎಂಎಂ' ಅಂತ ದೊಡ್ಡದಾಗಿ ಬರೆದಿರ್ತಾರಲ್ಲ, ಅದು ಪರದೆಯ ಅಳತೆ ಅಂತಲೇ ನಾನೂ ತುಂಬಾ ದಿನ ಅಂದ್ಕೊಂಡಿದ್ದೆ. 70 ಮಿಲಿಮೀಟರ್ ಅಂದ್ರೆ 7 ಸೆಂಟಿಮೀಟರ್, ಅಂದ್ರೆ ಫಿಲ್ಮ್ ಪಟ್ಟಿಯ ಅಗಲ. ಮಾಮೂಲಿ ಸಿನಿಮಾ ರೀಲು 35 ಎಂಎಂ. ದೊಡ್ಡ ಫಾರ್ಮ್ಯಾಟಿನಲ್ಲಿ ಕ್ಯಾಮೆರಾದೊಳಗೆ ಓಡೋದು 65 ಎಂಎಂ ನೆಗೆಟಿವ್. ಪ್ರಿಂಟ್ ಮಾಡುವಾಗ 5 ಎಂಎಂ ಹೆಚ್ಚಿಗೆ ಸೇರಿಸ್ತಿದ್ದದ್ದು ಧ್ವನಿಗಾಗಿ. ಪಟ್ಟಿಯ ಅಂಚುಗಳಲ್ಲಿ, ಟೇಪ್ ರೆಕಾರ್ಡರಿನ ಟೇಪಿನ ಥರ, ಅಯಸ್ಕಾಂತೀಯ ಲೇಪನ ಹಾಕಿ ಅದರಲ್ಲಿ ಆರು ಟ್ರ್ಯಾಕ್ ಧ್ವನಿ ತುಂಬ್ತಿದ್ರು. ಮಾವ ಕೇಳಿದ ನಾಣ್ಯದ ಸದ್ದು ಆ ಲೇಪನದಲ್ಲಿತ್ತು.

ಇದು ಹುಟ್ಟಿದ್ದು ವ್ಯಾಪಾರದ ಭಯದಿಂದ. 1950ರ ದಶಕದಲ್ಲಿ ಅಮೆರಿಕದ ಜನ ಟಿವಿ ಮುಂದೆ ಕೂತುಬಿಟ್ಟರು. ಮನೆಯಲ್ಲಿ ಸಿಗದೇ ಇರೋದನ್ನ ಕೊಟ್ಟು ಅವರನ್ನ ಥಿಯೇಟರಿಗೆ ಎಳೀಬೇಕಿತ್ತು. ಮೈಕ್ ಟಾಡ್ ಅನ್ನೋ ನಿರ್ಮಾಪಕರ ಹೆಸರು ಹೊತ್ತ ಟಾಡ್-ಎಓ ಪದ್ಧತಿಯಲ್ಲಿ 1955ರಲ್ಲಿ 'ಓಕ್ಲಹೋಮಾ!' ಬಂತು. ಆಮೇಲೆ 1959ರಲ್ಲಿ 'ಬೆನ್-ಹರ್', 1962ರಲ್ಲಿ 'ಲಾರೆನ್ಸ್ ಆಫ್ ಅರೇಬಿಯಾ', 1965ರಲ್ಲಿ 'ದ ಸೌಂಡ್ ಆಫ್ ಮ್ಯೂಸಿಕ್', 1968ರಲ್ಲಿ '2001: ಎ ಸ್ಪೇಸ್ ಒಡಿಸ್ಸಿ'. ನಮ್ಮಲ್ಲಿ 1967ರಲ್ಲೇ ರಾಜ್ ಕಪೂರ್ ನಟಿಸಿದ 'ಅರೌಂಡ್ ದ ವರ್ಲ್ಡ್' 70 ಎಂಎಂನಲ್ಲಿ ಬಂದಿತ್ತು.

65 ಎಂಎಂನಲ್ಲಿ ಶೂಟ್ ಮಾಡೋದು ದುಬಾರಿ. ಹಾಗಾಗಿ ಒಂದು ಅಡ್ಡದಾರಿ ಬಂತು: 35 ಎಂಎಂನಲ್ಲಿ ಶೂಟ್ ಮಾಡಿ, ಲ್ಯಾಬಿನಲ್ಲಿ 70ಕ್ಕೆ ಹಿಗ್ಗಿಸೋದು. ರಮೇಶ್ ಸಿಪ್ಪಿ 'ಶೋಲೆ'ಗೆ ಮಾಡಿಸಿದ್ದು ಇದನ್ನೇ, ಲಂಡನ್ನಿನಲ್ಲಿ. ಆ 70 ಎಂಎಂ ಪ್ರಿಂಟುಗಳು ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಕೊಂಡು, ಮುಂಬೈನ ಮಿನರ್ವಾದಲ್ಲಿ ಪ್ರೀಮಿಯರ್ ದಿನ 35 ಎಂಎಂ ಪ್ರಿಂಟನ್ನೇ ತೋರಿಸಬೇಕಾಯ್ತು.

ಸರಿ, ಹಳೇ 70 ಎಂಎಂ ಪ್ರಿಂಟು ಬೇಕು ಅಂದ್ರೆ ಪ್ರಪಂಚದಲ್ಲಿ ಯಾರ ಬಾಗಿಲು ತಟ್ಟಬೇಕು? ಮೂರು ಬಾಗಿಲುಗಳಿವೆ. ಒಂದು, ಸ್ಟುಡಿಯೋಗಳ ಸ್ವಂತ ಗೋದಾಮು. ಎರಡು, ಫಿಲ್ಮ್ ಆರ್ಕೈವ್‌ಗಳು. ಮೂರು, ಖಾಸಗಿ ಸಂಗ್ರಾಹಕರು. ಇಲ್ಲಿ ಒಂದು ವಿಷಯ ನೆನಪಿರಲಿ: ಪ್ರಿಂಟ್ ಕೈಗೆ ಸಿಕ್ಕಿತು ಅಂದ ಮಾತ್ರಕ್ಕೆ ತೋರಿಸೋ ಹಕ್ಕು ಸಿಕ್ಕಿತು ಅಂತಲ್ಲ. ರೀಲಿನ ಒಡೆಯ ಬೇರೆ, ಚಿತ್ರದ ಹಕ್ಕಿನ ಒಡೆಯ ಬೇರೆ. ಇಬ್ಬರೂ ಹೂಂ ಅನ್ನಬೇಕು.

ಆಮೇಲೆ ನಿಮ್ಮ ಥಿಯೇಟರಿನ ಪರೀಕ್ಷೆ. ಆರ್ಕೈವಿನವರು ಸಾಮಾನ್ಯವಾಗಿ ಎರಡು ಪ್ರೊಜೆಕ್ಟರ್ ಇರಬೇಕು ಅಂತಾರೆ, ಒಂದರ ರೀಲು ಮುಗಿದ ಕ್ಷಣಕ್ಕೆ ಇನ್ನೊಂದು ಶುರುವಾಗೋ ಹಾಗೆ. ಎಲ್ಲ ರೀಲನ್ನೂ ಒಂದೇ ಉದ್ದದ ಸುರುಳಿಯಾಗಿ ಅಂಟಿಸಿ ಓಡಿಸೋ ಪದ್ಧತಿ ಅವರಿಗೆ ಆಗಲ್ಲ, ಯಾಕಂದ್ರೆ ಅಂಟಿಸಿ ಬಿಡಿಸೋದ್ರಲ್ಲಿ ಪ್ರತಿ ಸಲ ಒಂದೆರಡು ಫ್ರೇಮ್ ಹೋಗುತ್ತೆ. 70 ಎಂಎಂ ನಿಮಿಷಕ್ಕೆ ಸುಮಾರು 112 ಅಡಿ ಓಡುತ್ತೆ. 216 ನಿಮಿಷದ 'ಲಾರೆನ್ಸ್'ಗೆ ಗುಣಿಸಿ ನೋಡಿ: 24 ಸಾವಿರ ಅಡಿ, ಅಂದ್ರೆ 7 ಕಿಲೋಮೀಟರಿಗೂ ಜಾಸ್ತಿ. ಅದರಲ್ಲಿ ಎಲ್ಲೋ ಒಂದು ಕಡೆ ಗೀರು ಬಿದ್ದರೂ ಮುಂದಿನ ಊರಿನವರು ಆ ಗೀರನ್ನು ನೋಡಬೇಕು.

ಹಾಗಿದ್ರೆ ಇಷ್ಟೊಂದು ಪ್ರಿಂಟುಗಳು ಎಲ್ಲಿ ಹೋದ್ವು? ಲೆಕ್ಕದ ಭಾಷೆಯಲ್ಲಿ ಹೇಳ್ತೀನಿ. ಪ್ರಿಂಟು ವಿತರಕರ ಪಾಲಿಗೆ ಆಸ್ತಿ ಅಲ್ಲ, ಖರ್ಚು. ಓಟ ಮುಗಿದ ಮೇಲೆ ಅದನ್ನ ಇಟ್ಟುಕೊಳ್ಳೋಕೆ ಗೋದಾಮಿನ ಬಾಡಿಗೆ, ಜೊತೆಗೆ ಕಳ್ಳ ಪ್ರದರ್ಶನದ ಭಯ. ಹಾಗಾಗಿ ಹೆಚ್ಚಿನವನ್ನು ನಾಶ ಮಾಡಿದ್ರು. ಉಳಿದದ್ದನ್ನ ರಸಾಯನಶಾಸ್ತ್ರ ತಿಂದಿತು. 1980ರ ದಶಕದ ಆರಂಭದವರೆಗಿನ ಬಹುಪಾಲು ಕಲರ್ ಪ್ರಿಂಟುಗಳಲ್ಲಿ ನೀಲಿ-ಹಸಿರಿನ ಬಣ್ಣ ಮೊದಲು ಮಾಸಿ, ಮರುಭೂಮಿ, ಆಕಾಶ, ಹುಲ್ಲು ಎಲ್ಲವೂ ಗುಲಾಬಿಯಾಗಿಬಿಡುತ್ತೆ. ಇನ್ನೊಂದು ರೋಗಕ್ಕೆ ವಿನೆಗರ್ ಸಿಂಡ್ರೋಮ್ ಅಂತಾರೆ. ಫಿಲ್ಮಿನ ಅಸಿಟೇಟ್ ತಳ ಕೊಳೆತು, ಡಬ್ಬಿ ತೆರೆದರೆ ವಿನೆಗರ್ ವಾಸನೆ, ಪಟ್ಟಿ ಒಣಗಿದ ಎಲೆ ಥರ ಮುರುಟಿರುತ್ತೆ. ವಿಪರ್ಯಾಸ ನೋಡಿ: 70 ಎಂಎಂಗೆ ಹೆಸರು ತಂದುಕೊಟ್ಟ ಆ ಅಯಸ್ಕಾಂತೀಯ ಲೇಪನದಲ್ಲಿರೋ ಕಬ್ಬಿಣದ ಆಕ್ಸೈಡೇ ಈ ಕೊಳೆತವನ್ನ ಜೋರು ಮಾಡುತ್ತೆ.

ಹಾಗಾಗಿ ಇವತ್ತು ಹೊರದೇಶದಲ್ಲಿ ತೋರಿಸೋ ಒಳ್ಳೇ 70 ಎಂಎಂ ಪ್ರಿಂಟುಗಳಲ್ಲಿ ಹೆಚ್ಚಿನವು ಆ ಕಾಲದವಲ್ಲ, ಆಮೇಲೆ ಯಾರೋ ಹಟ ಹಿಡಿದು ಹೊಸದಾಗಿ ಮಾಡಿಸಿದವು. 'ಲಾರೆನ್ಸ್' ಪ್ರೀಮಿಯರ್‌ನಲ್ಲಿ ಸುಮಾರು 222 ನಿಮಿಷ ಇತ್ತು. ಆಮೇಲೆ ಕತ್ತರಿ ಹಾಕ್ತಾ ಹಾಕ್ತಾ ಅರ್ಧ ಗಂಟೆಗೂ ಹೆಚ್ಚು ಹೋಯ್ತು. ರಾಬರ್ಟ್ ಹ್ಯಾರಿಸ್ ಆ ತುಂಡುಗಳನ್ನ ಹುಡುಕಿ ಜೋಡಿಸೋಕೆ ಕೂತರು. ಕೆಲವು ದೃಶ್ಯಗಳಿಗೆ ಧ್ವನಿಯೇ ಇರಲಿಲ್ಲ. ಪೀಟರ್ ಓ'ಟೂಲ್ ಕಾಲು ಶತಮಾನದ ನಂತರ ಬಂದು ತಮ್ಮ ಮಾತುಗಳನ್ನ ಮತ್ತೆ ಹೇಳಿದ್ರು. ಜ್ಯಾಕ್ ಹಾಕಿನ್ಸ್ 1973ರಲ್ಲೇ ತೀರಿಕೊಂಡಿದ್ದರಿಂದ ಅವರ ಪಾತ್ರಕ್ಕೆ ಚಾರ್ಲ್ಸ್ ಗ್ರೇ ಧ್ವನಿ ಕೊಟ್ಟರು. ನಿರ್ದೇಶಕ ಡೇವಿಡ್ ಲೀನ್ ಬದುಕಿದ್ದಾಗಲೇ, 1989ರಲ್ಲಿ, ಚಿತ್ರ ಮತ್ತೆ ತೆರೆಗೆ ಬಂತು. 2018ರಲ್ಲಿ '2001'ಗೂ ಹೀಗೇ ಆಯ್ತು: ಮೂಲ ನೆಗೆಟಿವ್‌ನಿಂದ ಬಂದ ಹೊಸ 70 ಎಂಎಂ ಪ್ರಿಂಟನ್ನ ಕ್ರಿಸ್ಟೋಫರ್ ನೋಲನ್ ಕ್ಯಾನ್ ಚಿತ್ರೋತ್ಸವದಲ್ಲಿ ಪರಿಚಯಿಸಿದ್ರು, ಡಿಜಿಟಲ್ ತಿದ್ದುಪಡಿ ಇಲ್ಲದೆ.

ಪ್ರಿಂಟ್ ಇದ್ದರೆ ಸಾಲದು, ಓಡಿಸೋ ಮಷೀನೂ ಬೇಕು. 2015ರಲ್ಲಿ ಟ್ಯಾರಂಟಿನೊ 'ದ ಹೇಟ್‌ಫುಲ್ ಎಯ್ಟ್' ಬಿಡುಗಡೆ ಮಾಡುವಾಗ ಹಳೇ 70 ಎಂಎಂ ಪ್ರೊಜೆಕ್ಟರ್‌ಗಳನ್ನ ಎಲ್ಲೆಲ್ಲಿಂದಲೋ ಹುಡುಕಿ ತಂದು, ರಿಪೇರಿ ಮಾಡಿ, ಸುಮಾರು 100 ಥಿಯೇಟರಿಗೆ ಒದಗಿಸಿದ್ರು. ಚಿಕಾಗೋದ ಮ್ಯೂಸಿಕ್ ಬಾಕ್ಸ್, ಇಂಗ್ಲೆಂಡಿನ ಬ್ರ್ಯಾಡ್‌ಫರ್ಡಿನ ಪಿಕ್ಚರ್‌ವಿಲ್, ಜರ್ಮನಿಯ ಕಾರ್ಲ್ಸ್‌ರೂಹೆಯ ಶೌಬರ್ಗ್ ಥರದ ಥಿಯೇಟರುಗಳು ಹಳೇ 70 ಎಂಎಂ ಚಿತ್ರಗಳಿಗೆ ಹಬ್ಬವನ್ನೇ ಮಾಡ್ತಾ ಬಂದಿವೆ. ನಮ್ಮ ಕಡೆ ಬನ್ನಿ: 2023ರಲ್ಲಿ 'ಓಪನ್‌ಹೈಮರ್' ಐಮ್ಯಾಕ್ಸ್ 70 ಎಂಎಂ ಪ್ರಿಂಟ್ ಜಗತ್ತಿನ ಸುಮಾರು 30 ಪರದೆಗಳಿಗೆ ಹೋಯ್ತು. ಭಾರತದಲ್ಲಿ ಒಂದೂ ಇರಲಿಲ್ಲ.

ಇನ್ನು ನನ್ನ ಎಕ್ಸೆಲ್ಲಿನ ಮೊದಲ ಸಾಲು. ಎರಡು ಕಡೆ ಮೇಲ್ ಕಳಿಸಿದೆ, ಒಂದು ಕಡೆಯಿಂದ ಉತ್ತರವೇ ಬರಲಿಲ್ಲ. ಉತ್ತರ ಸಿಕ್ಕಿದ್ದು ಸುದ್ದಿಯಲ್ಲಿ. ಆ ವರ್ಷ ಜೂನ್‌ನಲ್ಲಿ, ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸಿಪ್ಪಿ ಫಿಲ್ಮ್ಸ್ ಜೊತೆ ಸೇರಿ ಉಳಿಸಿಕೊಂಡ 'ಶೋಲೆ' ಇಟಲಿಯ ಬೊಲೋನ್ಯಾದಲ್ಲಿ ತೆರೆ ಕಂಡಿತು, ತುರ್ತುಪರಿಸ್ಥಿತಿಯಲ್ಲಿ ಸೆನ್ಸಾರ್ ಬದಲಿಸಿದ್ದ ಮೂಲ ಕೊನೆಯ ಜೊತೆಗೆ. ಖುಷಿಯಿಂದ ಓದ್ತಾ ಹೋದೆ. ಮೂಲ ಕ್ಯಾಮೆರಾ ನೆಗೆಟಿವ್ ವಿನೆಗರ್ ಸಿಂಡ್ರೋಮ್‌ನಿಂದ ತೀರಾ ಹಾಳಾಗಿತ್ತಂತೆ. ಲಂಡನ್ ಮತ್ತು ಮುಂಬೈಯಲ್ಲಿ ಸಿಕ್ಕ ಇಂಟರ್‌ಪಾಸಿಟಿವ್‌ಗಳೇ ಆಧಾರವಾದ್ವು. ಇಂಟರ್‌ಪಾಸಿಟಿವ್ ಅಂದ್ರೆ ನೆಗೆಟಿವ್‌ನಿಂದ ತೆಗೆದಿಟ್ಟ ನಡುವಿನ ಪ್ರತಿ. 70 ಎಂಎಂ ಪ್ರಿಂಟು? ಒಂದೂ ಉಳಿದಿಲ್ಲ. ಫ್ರೇಮಿನ ಅಳತೆ ಎಷ್ಟಿರಬೇಕು ಅಂತ ತಿಳಿಯೋಕೂ ಆ ಕಾಲದ ಛಾಯಾಗ್ರಹಣ ತಂಡದಲ್ಲಿದ್ದ ಕಮಲಾಕರ ರಾವ್ ಅವರ ನೆನಪನ್ನೇ ಕೇಳಬೇಕಾಯ್ತು.

ಐದು ವರ್ಷ ಒಂದೇ ಥಿಯೇಟರಿನಲ್ಲಿ ಓಡಿದ ಚಿತ್ರ ಇದು. ಅಷ್ಟು ದುಡಿದ ಪ್ರಿಂಟಿಗೆ ಕೊನೆಗೆ ಉಳಿದದ್ದು ಸೊನ್ನೆ.

ಮಾವನಿಗೆ ಫೋನ್ ಮಾಡಿ ಹೇಳಿದೆ. "ಮಾವ, ನೀವು ನೋಡಿದ್ದು ಇನ್ನು ಯಾರೂ ನೋಡೋಕಾಗಲ್ಲ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗ್ಲಿ ಬಿಡಪ್ಪ, ಬಂಡೆ ಇನ್ನೂ ಅಲ್ಲೇ ಇದ್ಯಲ್ಲ" ಅಂದ್ರು. ಆ ಕಾರ್ಯಕ್ರಮ ನಾವು ಮಾಡಲಿಲ್ಲ.

ಕೊನೆಗೊಂದು ವಿನಂತಿ. ನಮ್ಮ ಊರುಗಳಲ್ಲಿ ಹಳೇ ಟಾಕೀಸುಗಳು ಒಂದೊಂದಾಗಿ ನೆಲಕ್ಕೆ ಬೀಳ್ತಿವೆ. ನಿಮ್ಮ ಮನೆಯವರೋ ಪರಿಚಯದವರೋ ಒಂದು ಟಾಕೀಸಿನ ಮಾಲೀಕರಾಗಿದ್ದರೆ, ಕಟ್ಟಡ ಕೆಡವೋ ಮೊದಲು ಪ್ರೊಜೆಕ್ಟರ್ ರೂಮಿನ ಮೂಲೆ ಒಮ್ಮೆ ನೋಡಿ. ಡಬ್ಬಿ ಸಿಕ್ಕಿದ್ರೆ ಬಿಸಿಲಿಗೆ ಇಡಬೇಡಿ, ಗುಜರಿಗೆ ಹಾಕಬೇಡಿ. ವಿನೆಗರ್ ವಾಸನೆ ಬರೋ ಡಬ್ಬಿಯನ್ನ ಬೇರೆಯವುಗಳ ಜೊತೆ ಇಡಬೇಡಿ, ಅದು ಅಕ್ಕಪಕ್ಕದ ರೀಲುಗಳಿಗೂ ಹರಡುತ್ತೆ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೋ ಫಿಲ್ಮ್ ಹೆರಿಟೇಜ್ ಫೌಂಡೇಶನ್‌ಗೋ ಒಂದು ಮಾತು ತಿಳಿಸಿ. ಡಬ್ಬಿ ಮೇಲಿನ ಹೆಸರು ಅಳಿಸಿಹೋಗಿದ್ದರೂ ಪರವಾಗಿಲ್ಲ, ಒಳಗೇನಿದೆ ಅಂತ ನೋಡೋದು ಅವರಿಗೆ ಗೊತ್ತು.

ಎಕ್ಸೆಲ್ ಫೈಲ್ ಇನ್ನೂ ಡಿಲೀಟ್ ಮಾಡಿಲ್ಲ. ಮುಂದಿನ ವಾರ ಸಿಗೋಣ.